ಸೆಕೆಂಡ್ ಇಯರ್ ಡಾಕ್ಟ್ರು

ಎಂಬಿಬಿಎಸ್ ಓದುವವರಲ್ಲಿ ಮೊದಲನೇ ವರ್ಷದವನಿಂದ ಊರಿಗೆ ಅಪಾಯವೇನಿಲ್ಲ. ಅವನಿಗಿನ್ನೂ ಮೂಳೆ, ನರ, ಸ್ನಾಯುಗಳ ಹೆಸರಷ್ಟೇ ಗೊತ್ತು. ಮೈಯಿಂದ ಫಾರ್ಮಲಿನ್ ವಾಸನೆ ಹೊಡೆಯುವುದರಿಂದ ಜನರೂ ಹತ್ತಿರ ಸುಳಿಯುವುದಿಲ್ಲ. ಕೊನೆಯ ವರ್ಷದವನು ಪರೀಕ್ಷೆಯ ಭಯಕ್ಕೆ ಮಾತೇ ಬಿಟ್ಟಿರುತ್ತಾನೆ. ಹೌಸ್ ಸರ್ಜನ್ನಿಗೆ ನಿದ್ದೆಯೊಂದನ್ನು ಬಿಟ್ಟು ಬೇರೆ ಆಸೆಗಳಿಲ್ಲ. ನೀವು ಅವನೆದುರೇ ಬಿದ್ದು ಒದ್ದಾಡಿದರೂ 'ನಾಳೆ ಓಪಿಡಿಗೆ ಬನ್ನಿ' ಎಂದು ಮಗ್ಗುಲು ಬದಲಿಸುತ್ತಾನೆ. ಹೆದರಬೇಕಾದ್ದು ಎರಡನೇ ವರ್ಷದವನಿಗೆ. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ಮೂರೂ ಶುರುವಾಗುವುದು ಆ ವರ್ಷ. ಅಂದರೆ ಕಾಯಿಲೆ, ಕಾಯಿಲೆ ತರುವ ಕ್ರಿಮಿ, ಕಾಯಿಲೆಯ ಮದ್ದು ಎಲ್ಲವೂ ಒಟ್ಟಿಗೇ ಕೈಗೆ ಸಿಗುತ್ತವೆ. ಸಿಗದೇ ಇರುವುದು ರೋಗಿ ಮಾತ್ರ. ಅದನ್ನು ಅವನೇ ಹುಡುಕಿಕೊಳ್ಳಬೇಕು.

ಮೊದಲು ಸಿಗುವ ರೋಗಿ ಅವನೇ.

ನಮ್ಮ ಪಕ್ಕದ ಮನೆಯ ಪುಟ್ಟನನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಪುಟ್ಟ, ಕೇರಿಯಲ್ಲಿ ಡಾಕ್ಟ್ರು. ಅವನಿಗೆ ಕಾಯಿಲೆ ಬರುವುದು ಕಾಲೇಜಿನ ಟೈಮ್‌ಟೇಬಲ್ ಪ್ರಕಾರ. ಹೃದಯದ ಪಾಠ ನಡೆಯುವಷ್ಟು ದಿನ ಬೆರಳು ಮಣಿಕಟ್ಟು ಬಿಟ್ಟು ಕದಲಲಿಲ್ಲ. ನಿಮಿಷಕ್ಕೆ 60ರಿಂದ 100 ಬಡಿತ ಸಹಜ ಎಂದು ಪುಸ್ತಕದಲ್ಲಿದೆ. ಅವನದು 96 ಇತ್ತು. ನೂರರ ಹತ್ತಿರ ಬಂತಲ್ಲ ಎಂಬ ಗಾಬರಿಯಲ್ಲಿ ಇನ್ನೊಮ್ಮೆ ಎಣಿಸಿದ, 104 ಆಯಿತು. ಸ್ಟೆತಸ್ಕೋಪನ್ನು ತನ್ನ ಎದೆಗೇ ಇಟ್ಟುಕೊಂಡು ಕೇಳಿದ. ಉಸಿರು ಒಳಗೆಳೆದಾಗಲೆಲ್ಲ ಎರಡನೆಯ 'ಡಬ್' ಒಡೆದು ಎರಡಾಗಿ ಕೇಳುತ್ತಿದೆ! ಹೃದಯದ ಗೋಡೆಯಲ್ಲಿ ತೂತು ಎಂದು ತೀರ್ಮಾನಿಸಿ, ಮನೆಗೆ ಹೇಳುವುದೋ ಬಿಡುವುದೋ ಎಂದು ಒಂದು ರಾತ್ರಿಯಿಡೀ ಯೋಚಿಸಿದ. ಗಟ್ಟಿಮುಟ್ಟಾಗಿರುವ ಹುಡುಗರ ಹೃದಯವೂ ಉಸಿರೆಳೆದಾಗ ಹೀಗೇ ಬಡಿಯುತ್ತದೆ ಎಂಬ ವಾಕ್ಯ ಪುಸ್ತಕದ ಮುಂದಿನ ಪುಟದಲ್ಲಿತ್ತು. ಎರಡನೇ ವರ್ಷದವನ ಕಾಯಿಲೆಗಳಿಗೆಲ್ಲ ಮುಂದಿನ ಪುಟ ತಿರುಗಿಸುವವರೆಗೆ ಮಾತ್ರ ಆಯಸ್ಸು.

ಹೃದಯ ಮುಗಿದು ಶ್ವಾಸಕೋಶ ಬಂತು. ಕ್ಷಯದ ಲಕ್ಷಣಗಳು: ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ತೂಕ ಇಳಿದಿತ್ತು, ಮೆಸ್ಸಿನ ಸಾಂಬಾರಿನ ದೆಸೆಯಿಂದ. ರಾತ್ರಿ ಬೆವರುತ್ತಿದ್ದ, ಫ್ಯಾನು ಕೆಟ್ಟಿತ್ತು. ಕೆಮ್ಮು ಇರಲಿಲ್ಲ. ಇರಬಹುದೇನೋ ಎಂದು ಕೆಮ್ಮಿ ನೋಡಿದ, ಬಂತು. ಆಮೇಲೆ ಹೊಟ್ಟೆ. ಅಪೆಂಡಿಕ್ಸ್ ನೋವು ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದಂತೆ. ಬಲ ಸೊಂಟದ ಮೂಳೆಯ ತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದು, ಮೂಳೆಯ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಚುಕ್ಕೆಯಿಟ್ಟರೆ ಅದು ಮೆಕ್‌ಬರ್ನಿ ಪಾಯಿಂಟು. ಪುಟ್ಟ ಬಾಲ್‌ಪೆನ್ನಿನಲ್ಲಿ ಚುಕ್ಕೆಯಿಟ್ಟುಕೊಂಡು ದಿನಕ್ಕೆ ಹತ್ತಾರು ಸಲ ಒತ್ತಿ ನೋಡಿಕೊಳ್ಳುತ್ತಿದ್ದ. ಅಷ್ಟು ಒತ್ತಿದರೆ ಕಲ್ಲುಕಂಬಕ್ಕೂ ನೋವು ಬರುತ್ತದೆ. ಮೂತ್ರಪಿಂಡದ ವಾರದಲ್ಲಿ ಬೆಳಗ್ಗೆ ಎದ್ದರೆ ಮುಖ ಊದಿಕೊಂಡಿರುತ್ತಿತ್ತು. ಎದ್ದದ್ದು ಹತ್ತು ಗಂಟೆಗೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನರಮಂಡಲದ ವಾರದಲ್ಲಿ ಎಡಗಣ್ಣಿನ ರೆಪ್ಪೆ ಅದುರಿತು. ಅಜ್ಜಿಯನ್ನು ಕೇಳಿದ್ದರೆ ಶಕುನ ಹೇಳುತ್ತಿದ್ದಳು. ನಿದ್ದೆಗೆಟ್ಟು ಕಾಫಿ ಕುಡಿದರೆ ಹೀಗಾಗುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಅವನು ಇಬ್ಬರನ್ನೂ ಬಿಟ್ಟು ಪುಸ್ತಕವನ್ನು ಕೇಳಿದ. ಅದು ನರಗಳು ಒಂದೊಂದಾಗಿ ಸಾಯುವ, ಮದ್ದಿಲ್ಲದ ಕಾಯಿಲೆಯೊಂದರ ಹೆಸರು ಹೇಳಿತು.

ಇದು ಪುಟ್ಟನೊಬ್ಬನ ಪಾಡಲ್ಲ. ಬಾಸ್ಟನ್ನಿನ ನರವೈದ್ಯ ಜಾರ್ಜ್ ಲಿಂಕನ್ ವಾಲ್ಟನ್ 1908ರಲ್ಲಿ ಚಿಂತೆಯ ಕುರಿತೇ ಒಂದು ಪುಸ್ತಕ ಬರೆದ. ಮೆಡಿಕಲ್ ವಿದ್ಯಾರ್ಥಿಗಳು ತಾವು ಓದುತ್ತಿರುವ ಕಾಯಿಲೆಯೇ ತಮಗೆ ಬಂದಿದೆಯೆಂದು ಮೇಷ್ಟ್ರುಗಳ ಹತ್ತಿರ ಓಡಿ ಬರುವ ಸಂಗತಿ ಅದರಲ್ಲಿದೆ. ಆಮೇಲೆ ಸಿಲಬಸ್ಸು ಎಷ್ಟೋ ಸಲ ಬದಲಾಯಿತು, ಹುಡುಗರು ಬದಲಾಗಲಿಲ್ಲ.

ತನ್ನಲ್ಲಿ ಹುಡುಕುವುದಕ್ಕೆ ಇನ್ನೇನೂ ಉಳಿಯದಾಗ ಸೆಕೆಂಡ್ ಇಯರ್ ಡಾಕ್ಟ್ರು ರಜೆ ಹಾಕಿ ಊರಿಗೆ ಬರುತ್ತಾರೆ. ತಾಳಗುಪ್ಪದ ರೈಲಿನಲ್ಲಿ ಅವನನ್ನು ಗುರುತಿಸುವುದು ಸುಲಭ. ಎರಡೂ ತೋರುಬೆರಳು ಮಡಿಸಿ, ಉಗುರಿಗೆ ಉಗುರು ತಾಗಿಸಿ, ಬೆಳಕಿಗೆ ಹಿಡಿದು ನೋಡುತ್ತಿರುತ್ತಾನೆ. ಎದುರು ಸೀಟಿನವರು ಇದು ಯಾವುದೋ ಮುದ್ರೆ, ಯೋಗದ ಹುಡುಗನಿರಬೇಕು ಎಂದುಕೊಂಡು ಕಾಲು ಮಡಚಿ ಜಾಗ ಬಿಡುತ್ತಾರೆ. ಅವನು ನೋಡುತ್ತಿರುವುದು ಉಗುರುಗಳ ಬುಡದ ನಡುವಿನ ವಜ್ರಾಕಾರದ ಪುಟ್ಟ ಕಿಂಡಿಯನ್ನು. ಶ್ವಾಸಕೋಶದ, ಹೃದಯದ ಕೆಲವು ಹಳೆಯ ಕಾಯಿಲೆಗಳಲ್ಲಿ ಬೆರಳ ತುದಿ ಉಬ್ಬಿ ಈ ಕಿಂಡಿ ಮುಚ್ಚಿಹೋಗುತ್ತದೆ. ಕಂಡುಹಿಡಿದವರು ದಕ್ಷಿಣ ಆಫ್ರಿಕಾದ ಹೃದಯತಜ್ಞ ಲಿಯೋ ಶಾಮ್‌ರೋತ್. ಸ್ವತಃ ಹೃದಯದ ಸೋಂಕಿಗೆ ಸಿಕ್ಕಿದ್ದಾಗ ತಮ್ಮ ಬೆರಳುಗಳಲ್ಲೇ ಇದನ್ನು ಗಮನಿಸಿ 1976ರಲ್ಲಿ ಬರೆದರು. ದೊಡ್ಡ ದೊಡ್ಡವರೇ ತಮ್ಮ ಮೈಯಲ್ಲಿ ಕಾಯಿಲೆ ಹುಡುಕಿಕೊಂಡಿದ್ದಾರೆ ಎನ್ನುವುದು ಪುಟ್ಟನಿಗೆ ಬಹಳ ಧೈರ್ಯ ಕೊಟ್ಟ ವಿಷಯ.

ಸಾಗರದಲ್ಲಿ ರೈಲಿಳಿದು ಅವನು ಮನೆ ಸೇರುವ ಹೊತ್ತಿಗೆ ಸುದ್ದಿ ಕೇರಿ ಸುತ್ತಿ ಬಂದಿರುತ್ತದೆ. ಅಡಿಕೆ ಸುಗ್ಗಿಯ ಕಾಲ. ಕಾಫಿ ಕುಡಿದ ಲೋಟ ಕೆಳಗಿಡುವುದರೊಳಗೆ ಜಗಲಿಯಲ್ಲಿ ಓಪಿಡಿ ಶುರು.

ಮೊದಲು ಬಂದವರು ಮೇಲಿನ ಮನೆಯ ರಾಯರು. ಮಂಡಿನೋವು. ವಯಸ್ಸು ಎಪ್ಪತ್ತರ ಹತ್ತಿರ, ಹಿಂದಿನ ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದಿದ್ದರು. ಇಷ್ಟು ಗೊತ್ತಿದ್ದರೆ ಬೇರೆ ಯಾರಿಗಾದರೂ ಸಾಕಿತ್ತು. ಪುಟ್ಟ ಮಾತ್ರ ಹಣೆ ಗಂಟು ಹಾಕಿ, 'ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಸೊಂಟ, ಮಂಡಿ ಹಿಡಿದುಕೊಂಡದ್ದುಂಟಾ?' ಎಂದು ಕೇಳಿದ. ಎಪ್ಪತ್ತರ ದಶಕದ ನಡುವಿನಲ್ಲಿ ಇದೇ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಅವನ ತಲೆಯಲ್ಲಿ ಕೂತಿತ್ತು. ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು, ಕೀಲು ಸವೆಸಿ, ಬಡವರನ್ನು ಹಾಸಿಗೆ ಹಿಡಿಸಿದ ನಿಜವಾದ ಸಂಕಟ ಅದು. ರಾಯರ ಮನೆತನಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ರಾಯರಿಗೆ ಬೇಜಾರಾಗಲಿಲ್ಲ. ಪೇಟೆಯ ಡಾಕ್ಟರು ದುಡ್ಡು ತಗೊಂಡು 'ವಯಸ್ಸಾಯ್ತಲ್ಲ ರಾಯರೇ' ಎಂದು ಕಳಿಸಿದ್ದರು. ಈ ಹುಡುಗ ಮುಕ್ಕಾಲು ಗಂಟೆ ಮಾತಾಡಿಸಿ, ಅಜ್ಜನ ಕಾಲದಿಂದ ವಿಚಾರಿಸಿ, ತಾಲ್ಲೂಕಿನದೇ ಹೆಸರಿರುವ ಕಾಯಿಲೆಯ ಅನುಮಾನ ಪಟ್ಟಿದ್ದ. ರಾಯರು ಬರುವಾಗ ಕುಂಟುತ್ತಾ ಬಂದಿದ್ದರು, ಹೋಗುವಾಗ ಗತ್ತಿನಿಂದ ಕುಂಟಿದರು.

ಆಮೇಲೆ ಸೊರಬದ ಕಡೆಯಿಂದ ಕೆಲಸಕ್ಕೆ ಬಂದಿದ್ದ ಹುಡುಗ. ಜ್ವರ, ತಲೆನೋವು. ಸೊರಬ ಎಂದ ಕೂಡಲೇ ಪುಟ್ಟ ನೆಟ್ಟಗೆ ಕೂತ. ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಮೊದಲು ಪತ್ತೆ ಮಾಡಿದ್ದು ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ಪುಸ್ತಕಗಳಲ್ಲೆಲ್ಲ ಆ ಕಾಡಿನ ಹೆಸರೇ ಕಾಯಿಲೆಯ ಹೆಸರು. ಹರಡುವುದು ಉಣುಗಿನಿಂದ.

'ಕಾಡಿಗೆ ಹೋಗಿದ್ಯಾ?'

'ದರಕು ತರೋಕೆ ಹೋಗಿದ್ದೆ.'

'ಉಣುಗು ಕಚ್ಚಿತ್ತಾ?'

'ಅದು ದಿನಾ ಕಚ್ಚುತ್ತೆ.'

ಪುಟ್ಟನ ಧ್ವನಿ ಇಳಿಯಿತು. 'ಸತ್ತ ಮಂಗ ಏನಾದ್ರೂ ನೋಡಿದ್ಯಾ?'

'ಸತ್ತದ್ದು ಎಲ್ಲಿ ಸ್ವಾಮಿ? ಬದುಕಿರೋ ಮಂಗಗಳು ಬಾಳೆತೋಟಾನೇ ಹಾಳು ಮಾಡ್ತಿದಾವೆ. ಅದಕ್ಕೇನಾದ್ರೂ ಔಷಧಿ ಇದ್ರೆ ಕೊಡಿ.'

ನ್ಯಾಯವಾಗಿ ಹೇಳಬೇಕೆಂದರೆ, ಕಾಡಿಗೆ ಹೋಗಿ ಬಂದವನಿಗೆ ಜ್ವರ ಬಂದಾಗ ರಕ್ತಪರೀಕ್ಷೆಗೆ ಕಳಿಸಿದ್ದು ಸರಿಯೇ. ನಮ್ಮ ಸೀಮೆಯಲ್ಲಿ ಯಾವ ಡಾಕ್ಟರಾದರೂ ಕಳಿಸುತ್ತಾರೆ. ಆದರೆ ಹುಡುಗನ ಮೂಗು ಮೊದಲಿಂದಲೂ ಸೋರುತ್ತಿತ್ತು, ಅವನಿದ್ದ ಬಿಡಾರದವರೆಲ್ಲರ ಮೂಗೂ ಸೋರುತ್ತಿತ್ತು. ಅದನ್ನು ಪುಟ್ಟ ಕೇಳಲೇ ಇಲ್ಲ. ನೆಗಡಿ ಅವನ ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ.

ಇನ್ನೊಂದು ವಿಷಯದಲ್ಲೂ ಅವನ ಪರ ಒಂದು ಮಾತು ಹೇಳಬೇಕು. ನಮ್ಮಲ್ಲಿ ತಲೆಸುತ್ತಿನಿಂದ ಹಿಡಿದು ಮಗನ ಮದುವೆ ಮುರಿದದ್ದರವರೆಗೆ ಎಲ್ಲಕ್ಕೂ ಗ್ಯಾಸ್ಟ್ರಿಕ್ಕೇ ಕಾರಣ. ಎದೆ ಒತ್ತಿದರೆ ಗ್ಯಾಸು, ಎಡಗೈ ಜೋಮು ಹಿಡಿದರೆ ಗ್ಯಾಸು ಅಲ್ಲಿಗೆ ಹೋಗಿದೆ, ಬೆವರು ಬಂದರೆ ಗ್ಯಾಸು ಹೊರಗೆ ಬರುತ್ತಿದೆ. ಒಂದು ಸೋಡಾ ಕುಡಿದು ಮಲಗುತ್ತಾರೆ, ಕೆಲವರು ಏಳುವುದಿಲ್ಲ. ಎದೆ ಹಿಂಡಿದಂತಾಗಿ ನೋವು ದವಡೆಗೋ ತೋಳಿಗೋ ಹರಿದು ತಣ್ಣಗೆ ಬೆವರಿದರೆ, ಮೊದಲು ಇಸಿಜಿ, ಆಮೇಲೆ ಸೋಡಾ ಎಂದು ಪುಟ್ಟ ಜಗಲಿಯಲ್ಲಿ ಕೂತು ಗಂಟಲು ಹರಿದುಕೊಂಡ. ಅದೊಂದನ್ನು ಮಾತ್ರ ಯಾರೂ ನಂಬಲಿಲ್ಲ. 'ಪಾಪ, ಇನ್ನೂ ಕಲೀತಿದಾನೆ' ಎಂದರು.

ಪುಟ್ಟನ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಹತ್ತು ಹನ್ನೆರಡು ದಿನ. ಕೇರಿಯ ರೋಗಿಗಳು ಮುಗಿದ ಒಂದು ಮಧ್ಯಾಹ್ನ ಪುಟ್ಟನ ಕಣ್ಣು ತೊಟ್ಟಿಲ ಮೇಲೆ ಬಿತ್ತು. ಬಾಬಿನ್ಸ್ಕಿ ಎಂಬ ಫ್ರೆಂಚ್ ವೈದ್ಯ 1896ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯೊಂದಿದೆ. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದರೆ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲಕ್ಕೆದ್ದರೆ ಮೆದುಳಿಂದಲೋ ಬೆನ್ನುಹುರಿಯಿಂದಲೋ ಬರುವ ದಾರಿಯಲ್ಲಿ ಏಟು ಬಿದ್ದಿದೆ ಎಂದರ್ಥ. ಪುಟ್ಟ ಸ್ಕೂಟರಿನ ಕೀ ತೆಗೆದು, ತುದಿಯನ್ನು ಪಂಚೆಯಲ್ಲಿ ಒರೆಸಿ, ಕೂಸಿನ ಅಂಗಾಲಿಗೆ ಮೆಲ್ಲಗೆ ಎಳೆದ. ಅವರೆಕಾಳಿನಷ್ಟಿದ್ದ ಹೆಬ್ಬೆರಳು ನಿಧಾನವಾಗಿ ಮೇಲೆದ್ದಿತು. ಉಳಿದ ನಾಲ್ಕು ಬೆರಳು ಬೀಸಣಿಗೆಯ ಹಾಗೆ ಅಗಲಿದವು. ಪುಸ್ತಕದ ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೇ. ಇನ್ನೊಂದು ಕಾಲು ನೋಡಿದ, ಅದೂ ಮೇಲೆ. ಪುಟ್ಟ ಬೆವರಿ, ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತ. ಅಕ್ಕ ಕೇಳಿದಾಗ 'ಏನಿಲ್ಲ, ಒಂದ್ಸಲ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಬಿಡೋಣ' ಎಂದ. ಅಕ್ಕ ಅಳತೊಡಗಿದಳು, ಅವಳನ್ನು ನೋಡಿ ಕೂಸು, ಕೂಸನ್ನು ನೋಡಿ ಅಜ್ಜಿ. ಆ ಗಲಾಟೆಯ ನಡುವೆ ಅವನು ಪುಸ್ತಕ ತಂದು ಮುಂದಿನ ಪುಟ ತಿರುಗಿಸಿದ. ನಡೆಯಲು ಕಲಿಯುವವರೆಗೆ ಎಲ್ಲ ಮಕ್ಕಳ ಹೆಬ್ಬೆರಳೂ ಮೇಲೆಯೇ ಏಳುತ್ತದಂತೆ. ಅಜ್ಜಿ ಸ್ಕೂಟರಿನ ಕೀ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೀಗೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಪ್ಪನ ಬಿಪಿ ದಿನಕ್ಕೆ ಮೂರು ಹೊತ್ತು, ಅಜ್ಜಿಯ ಗುಲ್ಮ ಉಸಿರೆಳೆಸಿ ಉಸಿರೆಳೆಸಿ, ನಾಯಿಯ ನಾಡಿ ಅದು ಮಲಗಿದ್ದಾಗ. ಅಮ್ಮನನ್ನೂ ನೋಡಿದ. ಅವಳು ಒಲೆ ಮುಂದಿನಿಂದ ಏಳುವ ಗಿರಾಕಿಯಲ್ಲದ್ದರಿಂದ ಅಲ್ಲೇ ಎರಡೂ ಕೈ ಹಿಡಿದು, ಉಗುರಿಗೆ ಉಗುರು ಸೇರಿಸಿ, ಕಿಂಡಿ ನೋಡಿ, 'ನಾರ್ಮಲ್' ಎಂದು ಸರ್ಟಿಫಿಕೇಟು ಕೊಟ್ಟ. ಬಂದ ರೋಗಿಗಳಿಗೆಲ್ಲ ಕಾಫಿ ಮಾಡಿ, ಜಗಲಿಗೆ ತಂದುಕೊಟ್ಟು, ನಡುವೆ ಕಂಬ ಹಿಡಿದು ಒಂದು ಗಳಿಗೆ ನಿಂತು ಒಳಗೆ ಹೋಗುತ್ತಿದ್ದವಳೂ ಅವಳೇ.

ಆ ವಾರ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ ಬಂದಳು. ಮಗು ಹುಟ್ಟಿದ ಮನೆಗೆ 42 ದಿನದೊಳಗೆ ಆರು ಸಲ ಬರುವುದು ಅವಳ ಕೆಲಸ. ಕೂಸನ್ನು ತೂಗಿದಳು, ಮೈ ಬಿಸಿ ನೋಡಿದಳು, ಬಾಣಂತಿಯನ್ನು ವಿಚಾರಿಸಿದಳು. ಕಾಫಿ ತಂದ ಅಮ್ಮನ ಕೈಯಿಂದ ಲೋಟ ತೆಗೆದುಕೊಳ್ಳುವಾಗ ಕೈಯನ್ನು ಬಿಡದೇ ಉಗುರು ನೋಡಿದಳು. ಬಿಳುಚಿ, ಚಪ್ಪಟೆಯಾಗಿ, ಅಂಚು ಮೇಲೆದ್ದಿದ್ದವು. ಕೆಳಗಿನ ರೆಪ್ಪೆ ಎಳೆದು ನೋಡಿದಳು.

'ಉಪ್ಪರಿಗೆ ಹತ್ತಿದ್ರೆ ಏದುಸಿರು ಬರುತ್ತಾ ಅಮ್ಮ?'

'ವಯಸ್ಸಾಯ್ತಲ್ಲ.'

'ಅಕ್ಕಿ ಆರಿಸುವಾಗ ಹಸಿ ಅಕ್ಕಿ ಬಾಯಿಗೆ ಹಾಕ್ಕೋತೀರಾ?'

ಅಮ್ಮ ನಾಚಿದಳು. ಮನೆಮಂದಿ ನಕ್ಕರು. ಅಮ್ಮನ ಅಕ್ಕಿ ತಿನ್ನುವ ಚಟ ಮನೆಗೆಲ್ಲ ಗೊತ್ತಿದ್ದ ತಮಾಷೆ. ಆಶಾ ನಗಲಿಲ್ಲ. 'ನಾಳೆ ಪಿಎಚ್‌ಸಿಗೆ ಬಂದು ರಕ್ತ ಪರೀಕ್ಷೆ ಮಾಡಿಸಿ' ಎಂದು ಕಾಫಿ ಕುಡಿದು ಹೋದಳು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 8 ಇತ್ತು.

ಕಬ್ಬಿಣದ ಕೊರತೆಯ ರಕ್ತಹೀನತೆ ಅಪರೂಪದ ಕಾಯಿಲೆಯೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇಂಟರ್ನಲ್ ಪರೀಕ್ಷೆಯಲ್ಲಿ ಪುಟ್ಟ ಇದರ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಒಂಬತ್ತು ತೆಗೆದಿದ್ದ. ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ಇಟ್ಟರೆ ಬಣ್ಣಗೆಟ್ಟ ಪುಟಾಣಿ ಕೆಂಪುಕಣಗಳನ್ನು ಅರೆಕ್ಷಣದಲ್ಲಿ ಗುರುತಿಸುತ್ತಿದ್ದ. ಚಪ್ಪಟೆ ಉಗುರು, ಬಿಳುಚಿದ ರೆಪ್ಪೆ, ಹಸಿ ಅಕ್ಕಿಯ ಚಪಲ ಎಲ್ಲವೂ ಕ್ರಮವಾಗಿ ಬಾಯಿಪಾಠ. ಆದರೆ ಅಮ್ಮ ಸ್ಲೈಡಿನಲ್ಲಿರಲಿಲ್ಲ, ಅಡುಗೆಮನೆಯಲ್ಲಿದ್ದಳು. ಅವಳ ಬೆರಳು ಹಿಡಿದಾಗ ಅವನು ಕಿಂಡಿಯ ಮೂಲಕ ಆಚೆಗೆ ನೋಡಿದನೇ ಹೊರತು ಉಗುರನ್ನೇ ನೋಡಲಿಲ್ಲ.

ಎರಡು ದಿನ ಡಾಕ್ಟ್ರು ಮಂಕಾಗಿದ್ದರು. ಮೂರನೇ ದಿನ ಚೇತರಿಸಿಕೊಂಡು ಅಮ್ಮನಿಗೆ ಉಪದೇಶ ಶುರು ಮಾಡಿದರು. ಕಬ್ಬಿಣದ ಮಾತ್ರೆ ತಪ್ಪಿಸಬೇಡ, ನಿಂಬೆಹಣ್ಣು ಹಿಂಡಿಕೊಂಡು ಉಣ್ಣು, ಊಟದ ಹಿಂದುಮುಂದು ಕಾಫಿ ಟೀ ಕುಡಿಯಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ, ಎಲ್ಲರಿಗೂ ಬಡಿಸಿ ಕೊನೆಗೆ ತಳ ಕೆರೆದು ಉಣ್ಣುವುದನ್ನು ಬಿಡು. ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು. 'ಹಾಗಾದ್ರೆ ಇವತ್ತಿಂದ ನಂಗೆ ನೀನೇ ಬಡಿಸು' ಎಂದಳು. ಡಾಕ್ಟ್ರು ರೈಲಿಗೆ ಹೊತ್ತಾಯಿತೆಂದು ಬ್ಯಾಗು ತುಂಬತೊಡಗಿದರು.

ಇಷ್ಟಾದ ಮೇಲೆ ಕೇರಿಯಲ್ಲಿ ಅವನ ಬೆಲೆ ಇಳಿಯಬೇಕಿತ್ತು. ಇಳಿಯಲಿಲ್ಲ. ಪೇಟೆಯ ಡಾಕ್ಟರು ಫೀಸು ತಗೊಂಡು ಎರಡು ನಿಮಿಷದಲ್ಲಿ 'ಏನೂ ಇಲ್ಲ, ಹೋಗಿ' ಎನ್ನುತ್ತಾರೆ. ದುಡ್ಡು ಕೊಟ್ಟು ಏನೂ ಇಲ್ಲ ಎನ್ನಿಸಿಕೊಂಡು ಬರಲು ಯಾರಿಗಿಷ್ಟ? ಪುಟ್ಟ ಬಿಟ್ಟಿಯಾಗಿ ಒಂದು ಗಂಟೆ ಮಾತು ಕೇಳುತ್ತಾನೆ, ಕಾಫಿ ಕೊಡಿಸುತ್ತಾನೆ, ಅಂತಸ್ತಿಗೆ ತಕ್ಕ ಕಾಯಿಲೆಯನ್ನೂ ಕೊಟ್ಟು ಕಳಿಸುತ್ತಾನೆ. ರಾಯರಂತೂ ಅವನನ್ನು ಬೀಳ್ಕೊಡಲು ಸ್ಟೇಷನ್ನಿಗೇ ಬಂದಿದ್ದರು. ಮುಂದಿನ ವರ್ಷ ಕಣ್ಣು, ಕಿವಿ, ಮೂಗು, ಗಂಟಲಿನ ಪಾಠವಂತೆ. ಕೇರಿಯವರು ಈಗಿಂದಲೇ ಬಾಯಿ ತೆರೆದುಕೊಂಡು ಕಾಯುತ್ತಿದ್ದಾರೆ.