ಜಿಲ್ಲಾ ಗವರ್ನರರ ಸಮ್ಮುಖಕ್ಕೆ ಕ್ಲಬ್ ಕಾರ್ಯದರ್ಶಿಯ ಅಹವಾಲು

ಮಾನ್ಯ ರೋಟರಿ ಜಿಲ್ಲಾ ಗವರ್ನರರಿಗೆ,

ತಾವು ಈ ವರ್ಷದವರೋ, ಹೋದ ವರ್ಷದವರೋ, ಬರುವ ಜುಲೈ 1ಕ್ಕೆ ಕಾಲರ್ ತೊಡಲು ಕಾದಿರುವವರೋ, ಈ ಪತ್ರಕ್ಕೆ ಅದೇನೂ ಮುಖ್ಯವಲ್ಲ. ಗವರ್ನರರು ವರ್ಷಕ್ಕೊಬ್ಬರು ಬದಲಾಗುತ್ತಾರೆ. ನಮ್ಮೂರಿನ ಫ್ಲೆಕ್ಸ್ ಅಂಗಡಿಯ ಹುಡುಗ ಸ್ವಾಗತದ ಬ್ಯಾನರನ್ನು ಕಂಪ್ಯೂಟರಿನಲ್ಲಿ ಹಾಗೇ ಇಟ್ಟುಕೊಂಡಿದ್ದಾನೆ. ಫೋಟೊ ಮತ್ತು ಹೆಸರು ಬದಲಿಸಿದರೆ ಆಯಿತು. ಈ ಪತ್ರವನ್ನೂ ಅದೇ ರೀತಿ ಓದಿಕೊಳ್ಳಬೇಕಾಗಿ ಪ್ರಾರ್ಥನೆ.

ತಮ್ಮ ಅಧಿಕೃತ ಭೇಟಿಯ ಸುತ್ತೋಲೆ ಕೈಸೇರಿದ ಕೂಡಲೇ ಅಧ್ಯಕ್ಷರ ರಕ್ತದೊತ್ತಡ ಏರಿದೆ, ಕಾರ್ಯದರ್ಶಿಯಾದ ನನ್ನ ನಿದ್ದೆ ಇಳಿದಿದೆ. ಸಹಾಯಕ ಗವರ್ನರರೂ ವಲಯ ಸೇನಾನಿಗಳೂ ಮುಂಚಿತವಾಗಿ ಬಂದು ರಿಹರ್ಸಲ್ ನೋಡಿ ಹೋಗಿದ್ದಾರೆ. ತಾಲೂಕಿನ ಗಡಿಯಲ್ಲಿ ಎದುರುಗೊಳ್ಳಲು ಕಾರುಗಳು, ಪೇಟೆಯ ಮೊದಲ ತಿರುವಿನಲ್ಲಿ ಚೆಂಡೆ, ಶಾಲೆಯ ಗೇಟಿನಲ್ಲಿ ಮಕ್ಕಳ ಬ್ಯಾಂಡ್‌ಸೆಟ್ಟು, ಸಭಾಭವನದ ಮೆಟ್ಟಿಲಲ್ಲಿ ಆರತಿ. ಆರತಿ ತಟ್ಟೆ ಹಿಡಿಯುವವರು ಎಂದಿನಂತೆ ನಮ್ಮ ಮಹಿಳಾ ಸದಸ್ಯರು. 1989ರಲ್ಲಿ ರೋಟರಿ ಹೆಂಗಸರಿಗೆ ಸದಸ್ಯತ್ವದ ಬಾಗಿಲು ತೆರೆದದ್ದು ನಿಜ. ಆ ಬಾಗಿಲಲ್ಲೇ ಅವರನ್ನು ನಿಲ್ಲಿಸಿಕೊಂಡವರು ನಾವು.

ಶಾಲಿನ ವಿಷಯ. ಎಪ್ಪತ್ತು ಎಂಬತ್ತು ಕ್ಲಬ್ಬುಗಳ ಜಿಲ್ಲೆಯಲ್ಲಿ ಪ್ರತಿ ಕ್ಲಬ್ಬೂ ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಸ್ಮರಣಿಕೆ, ಒಂದು ಹಣ್ಣಿನ ಬುಟ್ಟಿ ಕೊಟ್ಟರೆ ಜೂನ್ ತಿಂಗಳಿಗೆ ತಮ್ಮ ಮನೆಯಲ್ಲಿ ಅಂಗಡಿ ಇಡಬಹುದು. ಇದನ್ನೆಲ್ಲ ಏನು ಮಾಡುತ್ತೀರೆಂದು ಕೇಳುವ ಅಧಿಕಪ್ರಸಂಗ ನನ್ನದಲ್ಲ. ಪಕ್ಕದೂರಿನ ಸಮಾರಂಭವೊಂದರಲ್ಲಿ ನಮ್ಮ ಅಧ್ಯಕ್ಷರಿಗೆ ಹೊದಿಸಿದ ಶಾಲಿನ ಮಡಿಕೆಯಿಂದ ನಮ್ಮದೇ ಕ್ಲಬ್ಬಿನ ಶುಭಾಶಯದ ಚೀಟಿ ಉದುರಿತು ಎಂಬುದನ್ನಷ್ಟೇ ದಾಖಲೆಗಾಗಿ ತಿಳಿಸುತ್ತಿದ್ದೇನೆ.

ಬೆಳಿಗ್ಗೆ ಸಸಿ ನೆಡುವ ಕಾರ್ಯಕ್ರಮ. ಗುಂಡಿ ತೋಡುವ ಖರ್ಚಿಲ್ಲ, ತಮ್ಮ ಹಿಂದಿನ ಮೂವರು ಗವರ್ನರರು ನೆಟ್ಟ ಗುಂಡಿಯೇ ಇದೆ. ನಮ್ಮ ಕಾರ್ಯಕ್ರಮದ ಪಟ್ಟಿ ಸದಸ್ಯರಿಗಿಂತ ಚೆನ್ನಾಗಿ ಎದುರು ಮನೆಯ ಆಡಿಗೆ ಗೊತ್ತು.

ಆಮೇಲೆ ಬಸ್ ತಂಗುದಾಣದ ಉದ್ಘಾಟನೆ. ಗೋಡೆಯ ಮೇಲೆ ರೋಟರಿ ಚಕ್ರ ಬರೆಸಿದ್ದೇವೆ. ಅದಕ್ಕೆ ಇಪ್ಪತ್ತನಾಲ್ಕು ಹಲ್ಲು, ಆರು ಅರ ಇರಬೇಕೆಂಬುದು ತಮಗೆ ಗೊತ್ತೇ ಇದೆ. ನಮ್ಮ ಪೇಂಟರ್ ಹತ್ತೊಂಬತ್ತೇ ಹಲ್ಲು ಬರೆದಿದ್ದ. ಮಾಜಿ ಪದಾಧಿಕಾರಿಯೊಬ್ಬರು ರಸ್ತೆಯಲ್ಲಿ ನಿಂತು ಎಣಿಸಿ ಕೂಗಾಡಿದ್ದರಿಂದ ರಾತ್ರೋರಾತ್ರಿ ಟಾರ್ಚ್ ಹಿಡಿದು ಬಾಕಿ ಐದು ಹಲ್ಲು ಕೂರಿಸಿದೆವು. ಆ ಜಾಗದಲ್ಲಿ ಬಸ್ಸು ನಿಲ್ಲುವುದಿಲ್ಲ, ನಿಲುಗಡೆ ಇರುವುದು ಮುಂದಿನ ತಿರುವಿನಲ್ಲಿ. ಅದು ಹಲ್ಲಿನ ಲೆಕ್ಕಕ್ಕೆ ಸೇರದ ವಿಷಯವಾದ್ದರಿಂದ ಚರ್ಚೆಗೆ ಬರಲಿಲ್ಲ.

ಆ ಚಕ್ರದ ಗುಂಬದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಮೊದಮೊದಲ ಚಿತ್ರಗಳಲ್ಲಿ ಅದು ಇರಲಿಲ್ಲ. ಕೀಲು ಕೂರುವ ಕಚ್ಚಿಲ್ಲದಿದ್ದರೆ ಚಕ್ರ ದಂಡವನ್ನು ಹಿಡಿಯದು, ಬರಿದೇ ತಿರುಗುತ್ತದೆ, ಅದರಿಂದ ಏನೂ ಕೆಲಸವಾಗದು ಎಂದು ಎಂಜಿನಿಯರುಗಳು ತಕರಾರು ತೆಗೆದ ಮೇಲೆ 1920ರ ದಶಕದಲ್ಲಿ ಸೇರಿಸಿದ್ದು. ನಮ್ಮ ಪೇಂಟರ್ ಹಲ್ಲು ತಿದ್ದುವ ಗಡಿಬಿಡಿಯಲ್ಲಿ ಆ ಕಚ್ಚಿನ ಮೇಲೂ ಹಳದಿ ಬಳಿದಿದ್ದಾನೆ. ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

ಕಳೆದ ಭೇಟಿಯ ಒಂದು ಘಟನೆ ತಮ್ಮ ಗಮನಕ್ಕೆ ತರಬೇಕು. ಶಾಲೆಯ ಗೇಟಿನ ಬಳಿ ಒಬ್ಬ ಮುದುಕಿ ಮಳೆಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಕಾಗದ ಸುತ್ತಿಕೊಂಡು ನಿಂತಿದ್ದರು. ಗವರ್ನರ್ ಬರುತ್ತಾರೆಂದು ಮೊಮ್ಮಗ ಫ್ಲೆಕ್ಸ್ ಓದಿ ಹೇಳಿದ್ದನಂತೆ. ಬೆಂಗಳೂರಿನ ರಾಜಭವನದಿಂದಲೇ ಬರುತ್ತಾರೆಂದು ನಂಬಿದ್ದರು. ತಿಂಗಳುಗಟ್ಟಲೆಯಿಂದ ನಿಂತುಹೋದ ವಿಧವಾ ವೇತನದ ಅರ್ಜಿ ಅದು. ಆಗಿನ ಗವರ್ನರರು ಅದನ್ನು ಬಿನ್ನವತ್ತಳೆ ಎಂದುಕೊಂಡು ಎರಡೂ ಕೈಯಿಂದ ಸ್ವೀಕರಿಸಿದರು, ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ಫೋಟೊಕ್ಕೆ ನಿಂತರು, ಕಾಗದವನ್ನು ಹಿಂದಕ್ಕೆ ದಾಟಿಸಿದರು. ಕೈಯಿಂದ ಕೈಗೆ ಬಂದು ಅದು ‘ಕಮ್ಯೂನಿಟಿ ಸರ್ವಿಸ್’ ಫೈಲು ಸೇರಿತು. ಫೋಟೊ ‘ಹಿರಿಯ ನಾಗರಿಕರೊಂದಿಗೆ ಸಂವಾದ’ ಎಂಬ ಶೀರ್ಷಿಕೆಯಲ್ಲಿ ಬುಲೆಟಿನ್ನಿನ ಮುಖಪುಟಕ್ಕೆ ಬಂತು. ನಮ್ಮ ಸದಸ್ಯರಲ್ಲಿ ಇಬ್ಬರು ವಕೀಲರಿದ್ದಾರೆ, ತಾಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರಿದ್ದಾರೆ. ತಾಲೂಕು ಕಚೇರಿ ನಮ್ಮ ಸಭಾಭವನದಿಂದ ಕೂಗಳತೆ. ಯಾರಾದರೂ ಒಂದು ಬೆಳಿಗ್ಗೆ ಎದ್ದು ಹೋದರೆ ಮುಗಿಯುವ ಕೆಲಸ. ಆದರೆ ಅದಕ್ಕೆ ಉದ್ಘಾಟನೆ ಇಲ್ಲ, ಕತ್ತರಿಸಲು ರಿಬ್ಬನ್ ಇಲ್ಲ, ವರದಿಯಲ್ಲಿ ಅದನ್ನು ಬರೆಯಲು ಕಾಲಂ ಕೂಡ ಇಲ್ಲ.

ಮಧ್ಯಾಹ್ನದ ಕ್ಲಬ್ ಅಸೆಂಬ್ಲಿಯಲ್ಲಿ ತಾವು ಒಬ್ಬೊಬ್ಬ ನಿರ್ದೇಶಕರನ್ನೂ ಎಬ್ಬಿಸಿ ಪ್ರಶ್ನೆ ಕೇಳುತ್ತೀರಿ. ಅಂತರರಾಷ್ಟ್ರೀಯ ಸೇವೆಯ ನಿರ್ದೇಶಕರ ಮೇಲೆ ಸ್ವಲ್ಪ ಕರುಣೆ ಇರಲಿ. ಅವರ ಅಕ್ಕನ ಮಗ ದುಬೈಯಲ್ಲಿದ್ದಾನೆ ಎಂಬುದೇ ಅವರ ಅರ್ಹತೆ. ಸದಸ್ಯತ್ವ ಎಷ್ಟು ಹೆಚ್ಚಿತು ಎಂದರೆ ನಾವು ಹೊಸ ಹೆಸರುಗಳನ್ನು ಓದುತ್ತೇವೆ, ತಾವೇ ಅವರ ಎದೆಗೆ ಪಿನ್ ಚುಚ್ಚುತ್ತೀರಿ. ಜನವರಿ 1 ಮತ್ತು ಜುಲೈ 1ರ ಲೆಕ್ಕಕ್ಕೆ ತಲೆಗಿಷ್ಟು ಎಂದು ಡಾಲರ್ ಶುಲ್ಕದ ಬಿಲ್ಲು ಬರುತ್ತದಲ್ಲ, ಅದಕ್ಕೆ ಮುಂಚೆ ಅವರಲ್ಲಿ ಅರ್ಧ ಜನ ವೈಯಕ್ತಿಕ ಕಾರಣಗಳಿಂದ ನಿವೃತ್ತರಾಗುತ್ತಾರೆ. ಪಿನ್ನು ಮರಳಿ ಕೊಟ್ಟವರೂ ಉಂಟು. ಅದು ಮುಂದಿನ ವರ್ಷಕ್ಕೆ ಬರುತ್ತದೆ.

ಗವರ್ನರರು ಕ್ಲಬ್ಬಿಗೆ ಬರುವುದು ಯಾಕೆಂದು ರೋಟರಿಯ ನಿಯಮಾವಳಿಯೇ ಹೇಳಿದೆ: ದುರ್ಬಲವಾದ, ಹೆಣಗಾಡುತ್ತಿರುವ ಕ್ಲಬ್ಬುಗಳ ಕಡೆ ವಿಶೇಷ ಗಮನ ಕೊಡಬೇಕು. ಆದರೆ ತಮ್ಮ ಪ್ರವಾಸದಲ್ಲಿ ದುರ್ಬಲ ಕ್ಲಬ್ಬು ಒಂದಾದರೂ ಕಣ್ಣಿಗೆ ಬಿದ್ದಿದೆಯೇ? ಬೀಳದು. ತಾವು ಬರುವ ದಿನ ನಾವೆಲ್ಲ ಕೋಟು ಹಾಕಿರುತ್ತೇವೆ.

ಸಂಜೆಯ ಸಭೆ ಚತುರ್ವಿಧ ಪರೀಕ್ಷೆಯ ಪಠಣದಿಂದ ಆರಂಭ. ದಿವಾಳಿಯ ಅಂಚಿನಲ್ಲಿದ್ದ ಪಾತ್ರೆ ಕಂಪನಿಯೊಂದನ್ನು ಉಳಿಸಲು ಚಿಕಾಗೋದ ಹರ್ಬರ್ಟ್ ಟೇಲರ್ 1932ರಲ್ಲಿ ಬರೆದುಕೊಂಡ ನಾಲ್ಕು ಪ್ರಶ್ನೆಗಳವು, ಆಡುವ ಮಾತಿಗೂ ಮಾಡುವ ಕೆಲಸಕ್ಕೂ ಒಡ್ಡಬೇಕಾದವು. ಮೊದಲನೆಯದೇ ಇದು ಸತ್ಯವೇ ಎಂಬುದು. ಎಲ್ಲರೂ ಎದ್ದು ನಿಂತು ಒಕ್ಕೊರಲಿನಿಂದ ಹೇಳುತ್ತೇವೆ. ಕೂತ ಮರುಗಳಿಗೆಯಲ್ಲಿ ಕಾರ್ಯದರ್ಶಿಯ ವರದಿ ವಾಚನ. ಬಳಿಕ ತಮ್ಮನ್ನು ಪರಿಚಯಿಸುವವರ ಪರಿಚಯ, ತಮ್ಮ ಪರಿಚಯ, ಜಿಲ್ಲೆಯ ಪ್ರಥಮ ಮಹಿಳೆಯ ಪರಿಚಯ, ಬುಲೆಟಿನ್ ಬಿಡುಗಡೆ, ಸನ್ಮಾನ. ತಮ್ಮ ಭಾಷಣದ ಹೊತ್ತಿಗೆ ಹಿಂದಿನ ಸಾಲಿನವರ ಮೂಗಿಗೆ ಅಡುಗೆಮನೆಯಿಂದ ಅಂಜಲ್ ಫ್ರೈ ಘಮ ಬಂದಿರುತ್ತದೆ. ಮಾತು ಎಷ್ಟು ಚೆನ್ನಾಗಿದ್ದರೂ ಚಪ್ಪಾಳೆ ಒಂದು ವಾಕ್ಯ ಮುಂಚೆಯೇ ಬಂದರೆ ಬೇಸರಿಸಬಾರದು.

ಈಗ ವಿಷಯಕ್ಕೆ ಬರುತ್ತೇನೆ. ತಾವು ಹೋಗಲಿರುವ ಶಾಲೆಯ ಬಲಬದಿಗೆ ಈ ಸಲ ಶಾಮಿಯಾನದ ಪರದೆ ಕಟ್ಟಿರುತ್ತೇವೆ. ಅದರ ಹಿಂದೆ ಹೆಣ್ಣುಮಕ್ಕಳ ಶೌಚಾಲಯವಿದೆ, ನಾವೇ ಕಟ್ಟಿಸಿದ್ದು, ತಮ್ಮ ಹಿಂದಿನವರೇ ಉದ್ಘಾಟಿಸಿದ್ದು. ಕರಿಕಲ್ಲಿನ ಫಲಕದಲ್ಲಿ ಗವರ್ನರರಿಂದ ಹಿಡಿದು ಸಾರ್ಜೆಂಟ್ ಅಟ್ ಆರ್ಮ್ಸ್‌ವರೆಗೆ ಎಲ್ಲರ ಹೆಸರಿದೆ, ನಲ್ಲಿಯಲ್ಲಿ ನೀರಿಲ್ಲ. ಪೈಪು ಎಳೆಯುವುದು ಕಟ್ಟಿಸಿದವರ ಹೊಣೆ ಎಂದು ಪಂಚಾಯಿತಿ ಹೇಳುತ್ತದೆ. ಹಸ್ತಾಂತರ ಮುಗಿದಿದೆ, ಫೋಟೊ ಇದೆ ಎಂದು ನಾವು ಹೇಳುತ್ತೇವೆ. ಬಾಗಿಲಿಗೆ ಬೀಗ, ಒಳಗೆ ಮುರಿದ ಬೆಂಚುಗಳು. ಆರನೆಯ, ಏಳನೆಯ ತರಗತಿಯ ಹುಡುಗಿಯರು ಹಿಂದಿನ ಅಕೇಶಿಯ ತೋಪಿಗೆ ಹೋಗುತ್ತಾರೆ, ಒಬ್ಬಳು ಹೋದರೆ ಇನ್ನೊಬ್ಬಳು ಕಾವಲು.

ಇದು ನಾಚಿಕೆಯ ವಿಷಯವೆಂದು ಪರದೆ ಕಟ್ಟುತ್ತೇವೆ. ಶೌಚಾಲಯ ರೋಟರಿಗೆ ಕಡಿಮೆ ದರ್ಜೆಯ ವಿಷಯವಲ್ಲ. 1905ರ ಫೆಬ್ರವರಿ 23ರಂದು ವಕೀಲ ಪಾಲ್ ಹ್ಯಾರಿಸ್, ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ ಚಿಕಾಗೋದ ಸಣ್ಣ ಆಫೀಸಿನಲ್ಲಿ ಕೂತು ಶುರುಮಾಡಿದ ಕ್ಲಬ್ಬಿದು. ಆ ಕ್ಲಬ್ಬು 1907ರಲ್ಲಿ ಮೊತ್ತಮೊದಲು ಕೈಹಾಕಿದ ಊರಿನ ಕೆಲಸವೇ ನಗರದ ನಡುವೆ ಸಾರ್ವಜನಿಕ ಶೌಚಾಲಯ ಮಾಡಿಸುವುದು. ಹೂಹಾರಕ್ಕೆ ಒದಗದ ಕೆಲಸವನ್ನು ಅವರು ಆರಿಸಿಕೊಂಡರು.

ಪೋಲಿಯೊ ಕೆಲಸವೂ ಅಂಥದ್ದೇ. ರೋಟರಿ 1985ರಲ್ಲಿ ಪೋಲಿಯೊ ಪ್ಲಸ್ ಆರಂಭಿಸಿದಾಗ ಅದು ಮುಗಿಯುವ ಮಾತೆಂದು ನಂಬಿದವರು ಕಡಿಮೆ. ಬಂಗಾಳದ ಹೌರಾ ಜಿಲ್ಲೆಯಲ್ಲಿ ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆಮನೆ ಅಲೆದ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಎಲ್ಲರ ಪಾಲೂ ಅದರಲ್ಲಿದೆ. ನಮ್ಮ ಕ್ಲಬ್ಬಿನ ಹಿರಿಯರೂ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮೇಜು ಹಾಕಿ, ಐಸ್ ತುಂಬಿದ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು, ಎರಡು ಹನಿ ನುಂಗಿದ ಮಗುವಿನ ಕಿರುಬೆರಳಿಗೆ ಮಸಿ ಹಚ್ಚುತ್ತಾ ಕೂತವರೇ. ಆ ಮೇಜಿನ ಬಳಿ ಯಾರಿಗೂ ಪೇಟ ತೊಡಿಸಿದ್ದಿಲ್ಲ. ಅವರಲ್ಲಿ ಇಬ್ಬರು ಈಗಲೂ ಪ್ರತಿ ಗುರುವಾರದ ಸಭೆಗೆ ತಪ್ಪದೆ ಬರುತ್ತಾರೆ. ತಾವು ಬರುವ ದಿನ ವೇದಿಕೆಯಲ್ಲಿ ಜಾಗ ಸಾಲದೆ ನಾಲ್ಕನೆಯ ಸಾಲಿನಲ್ಲಿ ಕೂತಿರುತ್ತಾರೆ.

ಆದ್ದರಿಂದ ಮಾನ್ಯರೇ, ಸುತ್ತೋಲೆಯ ಭೇಟಿ ಮುಗಿಯಲಿ, ಅದಕ್ಕೆ ನಮ್ಮಿಂದ ಯಾವ ಕುಂದೂ ಬಾರದು. ಆಮೇಲೆ ಇನ್ನೊಮ್ಮೆ ಬನ್ನಿ. ಒಂದು ಗುರುವಾರ ಸಂಜೆ ಒಬ್ಬರೇ ಬಂದರೆ ಹಾಜರಿ ಪುಸ್ತಕದಲ್ಲಿ ಏಳೆಂಟು ಸಹಿ ಕಾಣಬಹುದು, ಚಹಾ ಮತ್ತು ಗೋಳಿಬಜೆ ಸಿಗಬಹುದು. ಹೊಸದೇನನ್ನೂ ಉದ್ಘಾಟಿಸಬೇಡಿ. ಹಳೆಯದನ್ನು ತೆರೆಸಿ. ಶೌಚಾಲಯದ ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿದೆ. ಅಜ್ಜಿಯ ಅರ್ಜಿ ನನ್ನ ಬಳಿ ಇದೆ, ಒಟ್ಟಿಗೆ ತಾಲೂಕು ಕಚೇರಿಗೆ ಹೋಗಿ ಬರೋಣ. ಬರುವ ತಾರೀಖನ್ನು ಮಾತ್ರ ದಯವಿಟ್ಟು ಯಾರಿಗೂ ತಿಳಿಸಬೇಡಿ. ತಿಳಿಸಿದರೆ ಆ ಒಂದು ದಿನದ ಮಟ್ಟಿಗೆ ಶೌಚಾಲಯಕ್ಕೆ ಟ್ಯಾಂಕರಿನಲ್ಲಿ ನೀರು ಬರುತ್ತದೆ.

ಇತಿ ತಮ್ಮ ವಿಧೇಯ,
ಕ್ಲಬ್ ಕಾರ್ಯದರ್ಶಿ
(ಜೂನ್ 30ರವರೆಗೆ)