ಅಂಟಿನ ನಂಟು ಬೇಡವೆಂದ ಇಟ್ಟಿಗೆ

ನಿಮ್ಮ ಬಂಧುಬಳಗದಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಲವತ್ತು ದಾಟಿದ ಭಾವನೋ, ಷಡ್ಡಕನೋ, ಅಕ್ಕನ ಮಗನೋ. ಸಾಫ್ಟ್‌ವೇರ್ ಕೆಲಸ, ಕಾರಿನ ಕಂತು ತೀರಿದೆ, ಮಂಡಿನೋವು ಈಗಷ್ಟೇ ಶುರುವಾಗಿದೆ. ಫ್ಯಾಮಿಲಿ ಗ್ರೂಪಿನಲ್ಲಿ ದಿನ ಬಿಟ್ಟು ದಿನ ಒಂದು ಫೋಟೊ: ಲೆಗೊ ಕೋಟೆ, ಲೆಗೊ ರೈಲು ನಿಲ್ದಾಣ, ಲೆಗೊ ಹಡಗು. ಕೆಳಗೆ ‘ಡಿಸೈನೂ ನನ್ನದೇ’ ಎಂಬ ಒಕ್ಕಣೆ. ನೆಂಟರೆಲ್ಲ ಹೆಬ್ಬೆರಳು ಎತ್ತುತ್ತಾರೆ. ನಾನೂ ಎತ್ತುತ್ತಿದ್ದೆ, ನಮ್ಮ ಭಾವನ ಮನೆಯ ಶೋಕೇಸು ನೋಡುವ ತನಕ. ಪಟ್ಟದ ಗೊಂಬೆಗಳಿದ್ದ ಜಾಗದಲ್ಲಿ ಈಗ 10,001 ತುಂಡುಗಳ ಐಫೆಲ್ ಗೋಪುರ ನಿಂತಿದೆ. ರಾಜ-ರಾಣಿ ಇಬ್ಬರೂ ಅಟ್ಟದ ಮೇಲಿನ ಟ್ರಂಕಿನಲ್ಲಿ.

ಭಾವನ ಹತ್ತಿರ ಜಗಳವಾಡಿ ಗೆದ್ದವರಿಲ್ಲ. ಮೂಲವನ್ನೇ ವಿಚಾರಿಸೋಣ ಎಂದು ಡೆನ್ಮಾರ್ಕಿನ ಬಿಲುಂಡ್ ಊರಿಗೆ ಹೋದೆ. ಸಂದರ್ಶನ ಕಾಲ್ಪನಿಕವಾದ್ದರಿಂದ ವೀಸಾ ತಾಪತ್ರಯ ಇರಲಿಲ್ಲ. ಅಲ್ಲಿ 2017ರಲ್ಲಿ ತೆರೆದ ಲೆಗೊ ಹೌಸ್ ಇದೆ, ಬ್ಯಾರ್ಕೆ ಇಂಗೆಲ್ಸ್ ವಿನ್ಯಾಸ ಮಾಡಿದ್ದು. ಅದರ ತುತ್ತತುದಿಯ ಗ್ಯಾಲರಿಯಲ್ಲಿ ಇಟ್ಟಿರುವುದು ದೇಶದೇಶಗಳ ದೊಡ್ಡವರು ಸ್ವಂತ ಬುದ್ಧಿಯಿಂದ ಕಟ್ಟಿದ ಕೃತಿಗಳನ್ನು. ಒಂದು ಕೋಟೆಯ ತಳಪಾಯದಲ್ಲಿದ್ದ ಕೆಂಪು ಇಟ್ಟಿಗೆ, ತಲೆಯ ಮೇಲೆ ಎರಡು ಸಾಲಿನಲ್ಲಿ ಎಂಟು ಉಬ್ಬು, ಮಾತಿಗೆ ಸಿಕ್ಕಿತು.

ನಾನು: ನಮಸ್ಕಾರ. ಚೆನ್ನಾಗಿದ್ದೀರಾ?

ಇಟ್ಟಿಗೆ: ಮರ್ಯಾದೆಗೇನೂ ಕಡಿಮೆಯಿಲ್ಲ ತಾಯಿ. ತಲೆ ಎತ್ತಿ ನೋಡಿ, ಚಾವಣಿಯಲ್ಲಿ ಎಂಟು ದುಂಡು ಬೆಳಕಿಂಡಿ. ಆಕಾಶದಿಂದ ನೋಡಿದರೆ ಈ ಮಾಳಿಗೆಯೇ ನನ್ನ ಹಾಗೆ ಕಾಣುತ್ತೆ. ಇನ್ಯಾವ ಇಟ್ಟಿಗೆಗೆ ಇಂಥ ಗೌರವ ಸಿಕ್ಕಿದೆ ಹೇಳಿ?

ನಾನು: ನಮ್ಮ ಕಡೆ ವಿಠಲನೇ ಇಟ್ಟಿಗೆಯ ಮೇಲೆ ನಿಂತಿದ್ದಾನೆ.

ಇಟ್ಟಿಗೆ: ಹೌದಾ? ಅಂಟು ಹಾಕಿದ್ದಾರಾ?

ನಾನು: ಇಲ್ಲಪ್ಪ. ಪುಂಡಲೀಕ ಇಟ್ಟಿಗೆ ಎಸೆದ, ದೇವರು ಸೊಂಟದ ಮೇಲೆ ಕೈಯಿಟ್ಟು ನಿಂತ, ಅಷ್ಟೇ.

ಇಟ್ಟಿಗೆ: ನೋಡಿ! ದೇವರಿಗೆ ಗೊತ್ತಿರುವುದು ಈ ಪ್ರದರ್ಶನದವರಿಗೆ ಗೊತ್ತಿಲ್ಲ.

ನಾನು: ಅಂಟಿನ ಮೇಲೆ ಇಷ್ಟೊಂದು ಸಿಟ್ಟೇಕೆ?

ಇಟ್ಟಿಗೆ: ಕೂತ್ಕೊಳ್ಳಿ. ನನ್ನಂಥ ಆರು ಇಟ್ಟಿಗೆ ತಗೊಳ್ಳಿ, ಎಲ್ಲ ಒಂದೇ ಬಣ್ಣದವು. ಅವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಕೋಪನ್‌ಹೇಗನ್ನಿನ ಗಣಿತದ ಮೇಷ್ಟ್ರು ಸೋರನ್ ಐಲರ್ಸ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದ್ದಾರೆ. 91,51,03,765! ಬರೀ ಆರು ಇಟ್ಟಿಗೆಗೆ ತೊಂಬತ್ತೊಂದು ಕೋಟಿ ಚಿಲ್ಲರೆ ಜನ್ಮ. ಒಂದು ತೊಟ್ಟು ಅಂಟು ಬಿತ್ತೋ, ಉಳಿಯುವುದು ಒಂದೇ. ನಿಮ್ಮ ಕಡೆ ಇದಕ್ಕೆ ಮೋಕ್ಷ ಅಂತೀರೇನೋ, ನಮ್ಮಲ್ಲಿ ಇದು ಜೀವಾವಧಿ ಶಿಕ್ಷೆ. 2014ರಲ್ಲಿ ನಮ್ಮ ಮೇಲೊಂದು ಸಿನಿಮಾ ಬಂತು. ಅದರಲ್ಲಿ ಖಳನಾಯಕ ಮಾಡಹೊರಟಿದ್ದೇನು? ಊರಿಗೆಲ್ಲ ಅಂಟು ಹಾಕುವುದು! ಸಿನಿಮಾ ನೋಡಿ ಚಪ್ಪಾಳೆ ಹೊಡೆದವರೇ ಮಾರನೇ ದಿನ ಟ್ಯೂಬು ಹಿಡಿದು ಬಂದರು.

ನಾನು: ಎಲ್ಲರೂ ಹಾಗಲ್ಲವಲ್ಲ. ಅಂಟು ಮುಟ್ಟುವುದೇ ಪಾಪ ಎನ್ನುವ ಮಡಿವಂತರು ನಿಮ್ಮ ಭಕ್ತರಲ್ಲೇ ತುಂಬ ಜನ ಇದ್ದಾರೆ. ಆದರೆ ದೇಶ ದೇಶ ಸುತ್ತುವ ಕಲಾಕೃತಿ ದಾರಿಯಲ್ಲಿ ಒಡೆಯಬಾರದಲ್ಲ? ನ್ಯೂಯಾರ್ಕಿನ ನೇಥನ್ ಸವಾಯ ಅವರನ್ನೇ ತೆಗೆದುಕೊಳ್ಳಿ. ವಕೀಲಿಕೆ ಬಿಟ್ಟು ಇಟ್ಟಿಗೆ ಹಿಡಿದವರು, ಮ್ಯೂಸಿಯಂಗಳೇ ಅವರಿಗೆ ಬಾಗಿಲು ತೆರೆದವು.

ಇಟ್ಟಿಗೆ: ಕೈಚಳಕಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ. ಅವರ ‘ಯೆಲ್ಲೊ’ ನೋಡಿದ್ದೀರಾ? ಹಳದಿ ಮನುಷ್ಯ ಎರಡೂ ಕೈಯಲ್ಲಿ ಎದೆ ಬಗೆದುಕೊಳ್ಳುತ್ತಾನೆ, ಒಳಗಿಂದ ಇಟ್ಟಿಗೆ ಸುರಿಯುತ್ತೆ. ಜನ ಅದರಲ್ಲಿ ಮನುಷ್ಯನ ಸಂಕಟ ಕಂಡರು. ನಾನು ಕಂಡಿದ್ದು ಇಟ್ಟಿಗೆಯ ಸಂಕಟ. ಹೊರಗೆ ಸುರಿದಿದ್ದಾವೆ, ಆದರೂ ಬಿಡುಗಡೆ ಇಲ್ಲ!

ನಾನು: ಎದೆ ಬಗೆದು ತೋರಿಸುವುದು ನಮಗೆ ಹೊಸದಲ್ಲ. ನಮ್ಮಜ್ಜಿಯ ದಸರಾ ಗೊಂಬೆ ಸಾಲಿನಲ್ಲಿ, ಮೂರನೇ ಮೆಟ್ಟಿಲ ಮೇಲೆ ಒಬ್ಬ ಹನುಮಂತ...

ಇಟ್ಟಿಗೆ: ಇದು ಯಾರ ಸಂದರ್ಶನ ತಾಯಿ?

ನಾನು: ನಿಮ್ಮದೇ, ನಿಮ್ಮದೇ. ಮೆಚ್ಚುಗೆಯಾದ ಒಂದು ಕೃತಿ ಹೇಳಿ.

ಇಟ್ಟಿಗೆ: ಜಪಾನಿನ ಜುಂಪೆ ಮಿತ್ಸುಯಿ ಮಾಡಿದ ಅಲೆ. ಹೊಕುಸಾಯ್ ಚಿತ್ರದಲ್ಲಿ ಚಪ್ಪಟೆಯಾಗಿದ್ದ ದೊಡ್ಡ ಅಲೆಯನ್ನು ಆತ ಎಬ್ಬಿಸಿ ನಿಲ್ಲಿಸಿಬಿಟ್ಟ. ಸುಮಾರು 50,000 ತುಂಡು, 400 ಗಂಟೆ ಕೆಲಸ. ಅಲೆ ಹೇಗೆ ಮುರಿಯುತ್ತೆ ಅಂತ ತಿಳಿಯಲು ವೀಡಿಯೊ ನೋಡಿದ, ಸಂಶೋಧನಾ ಲೇಖನ ಓದಿದ. ನೊರೆಯ ಉಗುರು ನೋಡಬೇಕು ನೀವು! ತಲೆಯ ಉಬ್ಬು ಬಿಟ್ಟರೆ ನನ್ನ ಹೊರಮೈಯಲ್ಲಿ ಒಂದೂ ಬಾಗು ಇಲ್ಲ, ಎಲ್ಲ ಮೂಲೆಯೇ. ಮೂಲೆ ಮೂಲೆ ಸೇರಿಸಿ ನೀರು ಮಾಡಿದ್ದಾನೆ.

ನಾನು: ನೀರು ಅಂದಿರಾ? ಗೊಂಬೆ ಸಾಲಿನ ಮುಂದಿನ ಪಾರ್ಕಿನಲ್ಲಿ ಕೆರೆಗೆ ನಮ್ಮಜ್ಜಿ ಒಂದು ಕನ್ನಡಿ ಇಡುತ್ತಿದ್ದರು. ಸುತ್ತ ಮರಳು, ದಡದಲ್ಲಿ ರಾಗಿ ಪೈರು. ಮಹಾಲಯ ಅಮಾವಾಸ್ಯೆ ಹೊತ್ತಿಗೆ ಚೆಲ್ಲಿದರೆ ಆಯುಧಪೂಜೆ ಹೊತ್ತಿಗೆ ಹಸಿರು ಬೆರಳುದ್ದ. ಪಕ್ಕದಲ್ಲಿ ಶೆಟ್ಟಿ-ಶೆಟ್ಟಮ್ಮನ ಅಂಗಡಿ. ಅಕ್ಕಿ, ಬೇಳೆ, ಬೆಲ್ಲ ಎಲ್ಲ ನಿಜವಾದ್ದೇ. ಪ್ರತಿ ವರ್ಷ ಹೊಸ ವಿನ್ಯಾಸ, ಒಂದು ವರ್ಷ ಕ್ಷೀರಸಾಗರ, ಇನ್ನೊಂದು ವರ್ಷ ಊರ ಜಾತ್ರೆ. ಅರಮನೆಯಲ್ಲಾದರೆ ಅದಕ್ಕೆಂದೇ ಗೊಂಬೆ ತೊಟ್ಟಿ ಇತ್ತು. ನಮ್ಮಜ್ಜಿಗೆ ಇದ್ದದ್ದು ನಡುಮನೆಯ ಒಂದು ಮೂಲೆ, ಹಳೇ ಸೀರೆ ಹೊದಿಸಿದ ಡಬ್ಬಗಳ ಮೆಟ್ಟಿಲು. ಅವರನ್ನು ಯಾರೂ ಕಲಾವಿದೆ ಅನ್ನಲಿಲ್ಲ. ‘ಹೆಂಗಸರಿಗೆ ಹೊತ್ತು ಹೋಗಬೇಕಲ್ಲ’ ಅಂದರು. ಈಗ ಗಂಡಸರು ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಮಾಸ್ಟರ್ ಬಿಲ್ಡರ್!

ಇಟ್ಟಿಗೆ: ಗಂಡಸರು ಅಂತ ಒಟ್ಟಾರೆ ಹೇಳಬೇಡಿ. 2012ರಲ್ಲಿ ಸಿಯಾಟಲ್‌ನ ಮೇಳದಲ್ಲಿ ಎಲ್ಲರ ಬಾಯಿ ಕಟ್ಟಿಸಿದ ಹಾಗ್ವಾರ್ಟ್ಸ್ ಕೋಟೆ ಇತ್ತಲ್ಲ, ಸುಮಾರು ನಾಲ್ಕು ಲಕ್ಷ ಇಟ್ಟಿಗೆಯದ್ದು? ಅದನ್ನು ಕಟ್ಟಿದ್ದು ಆಲಿಸ್ ಫಿಂಚ್, ಗಂಡು ಮಕ್ಕಳ ತಾಯಿ. ಹೊರಗೋಡೆ ಮಾತ್ರ ಅಲ್ಲ, ಒಳಗೆ ಒಂದೊಂದು ತರಗತಿ ಕೋಣೆ, ಪೀಠೋಪಕರಣ ಸಮೇತ.

ನಾನು: ಸರಿ, ಒಬ್ಬರು.

ಇಟ್ಟಿಗೆ: ಒಬ್ಬರಲ್ಲ. ಅದಿರಲಿ, ಅಂಟಿನ ವಿಷಯಕ್ಕೆ ಬರುತ್ತೇನೆ. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ, ದ್ರಾಕ್ಷಿ ತೋಟದ ನಡುವೆ, ಟಿವಿಯ ಜೇಮ್ಸ್ ಮೇ ನಮ್ಮಿಂದಲೇ ಒಂದು ನಿಜವಾದ ಮನೆ ಕಟ್ಟಿಸಿದ. ಮೂವತ್ತಮೂರು ಲಕ್ಷ ಇಟ್ಟಿಗೆ, ಪಾಯಖಾನೆ ಸಮೇತ. ಆಮೇಲೆ ಕೊಳ್ಳುವವರಿಲ್ಲ, ಸಾಗಿಸುವವರಿಲ್ಲ. ಕೆಡವಿದರು. ಎಲ್ಲರೂ ಅಯ್ಯೋ ಅಂದರು. ನಾನು ಹಬ್ಬ ಮಾಡಿದೆ. ಕೆಡವಿದ್ದೇ ಅದರ ಒಳ್ಳೆಯ ಭಾಗ! ಬರ್ಲಿನ್ನಿನ ಯಾನ್ ಫೋರ್ಮನ್ ಇನ್ನೂ ಜಾಣ. 2007ರಲ್ಲಿ ಇಟಲಿಯ ಬೊಕ್ಕಿನ್ಯಾನೊ ಅನ್ನೋ ಹಳ್ಳಿಯಲ್ಲಿ ಶುರು ಮಾಡಿದ, ಹಳೇ ಕಲ್ಲುಗೋಡೆಯ ಬಿರುಕಿನಲ್ಲಿ ನಮ್ಮನ್ನು ತುಂಬುವುದು. ಬೂದು ಗೋಡೆಯ ಮಧ್ಯೆ ಕೆಂಪು, ಹಳದಿ, ನೀಲಿ. ಹೋಗೋ ಬರೋ ಮಕ್ಕಳು ಕಿತ್ತುಕೊಂಡು ಹೋಗಬಹುದು.

ನಾನು: ಹಾಗಾದರೆ ಬೆಂಗಳೂರಿಗೆ... ಬೇಡ ಬಿಡಿ, ರಸ್ತೆಗುಂಡಿಯ ಬಗ್ಗೆ ಪಕ್ಕದ ಪುಟದವರು ಬರೆಯುತ್ತಾರೆ. ನಿಮ್ಮ ಜಾತಕಕ್ಕೆ ಬರೋಣ. 1949ರಲ್ಲಿ ನಿಮ್ಮವರು ಮೊದಲ ಇಟ್ಟಿಗೆ ತೆಗೆದರು. ಅದಕ್ಕೂ ಮೊದಲೇ ಬ್ರಿಟನ್ನಿನ ಹಿಲರಿ ಪೇಜ್ ಅವರ ಕಿಡ್ಡಿಕ್ರಾಫ್ಟ್ ಇಟ್ಟಿಗೆ ಇತ್ತಲ್ಲ? ಅದನ್ನು ನೋಡಿಯೇ...

ಇಟ್ಟಿಗೆ: ಇವತ್ತು ಬಿಸಿಲು ಚೆನ್ನಾಗಿದೆ ಅಲ್ವಾ?

ನಾನು: ಪೇಜ್ 1957ರಲ್ಲಿ ತೀರಿಕೊಂಡರು. ಮಾರನೇ ವರ್ಷ ಜನವರಿ 28ರಂದು ನಿಮ್ಮವರು ಹೊಟ್ಟೆಯೊಳಗೆ ಕೊಳವೆ ಸೇರಿಸಿ ಪೇಟೆಂಟ್ ಅರ್ಜಿ ಹಾಕಿದರು. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕು ಕೊಂಡದ್ದು 1981ರಲ್ಲಿ.

ಇಟ್ಟಿಗೆ: ಆ ಕೊಳವೆಯಿಂದಲೇ ನನಗೆ ಹಿಡಿತ. ಹಿಡಿತ ಇರುವವನಿಗೆ ಅಂಟು ಯಾಕೆ ಬೇಕು, ಹೇಳಿ?

ನಾನು: 2015ರಲ್ಲಿ ಚೀನಾದ ಕಲಾವಿದ ಐ ವೇವೇ ಸಗಟಾಗಿ ಇಟ್ಟಿಗೆ ಕೇಳಿದಾಗ ‘ರಾಜಕೀಯಕ್ಕೆ ಕೊಡುವುದಿಲ್ಲ’ ಅಂದಿರಿ. ಜನ ತಮ್ಮ ಮನೆಯ ಇಟ್ಟಿಗೆಗಳನ್ನೇ ತಂದು ಆತನಿಗೆ ಸುರಿದರು. ಮುಂದಿನ ವರ್ಷ ನೀತಿ ಬದಲಾಯಿಸಿದಿರಿ.

ಇಟ್ಟಿಗೆ: ಅದು ಆಫೀಸಿನವರ ವಿಷಯ.

ನಾನು: ಹವ್ಯಾಸಿಗಳು ತಲೆ ಕೆಡಿಸಿಕೊಂಡು ಹೊಸ ಮಾದರಿ ಮಾಡುತ್ತಾರೆ. ಹತ್ತು ಸಾವಿರ ಜನರ ಬೆಂಬಲ ಸಿಕ್ಕಿದ ಮೇಲೆ ನಿಮ್ಮವರು ಪರಿಶೀಲಿಸುತ್ತಾರೆ. ಪಾಸಾದರೆ ಮಾರಾಟದಲ್ಲಿ ಕಟ್ಟಿದವರಿಗೆ ಶೇ 1. ಉಳಿದ ತೊಂಬತ್ತೊಂಬತ್ತು?

ಇಟ್ಟಿಗೆ: ಅದೂ ಆಫೀಸು. ನನ್ನನ್ನು ಅಂಟಿನ ಬಗ್ಗೆ ಕೇಳಿ.

(ಇಂಥ ಉತ್ತರ ಕೇಳಿ ಅಭ್ಯಾಸವಿದ್ದುದರಿಂದ ನನಗೆ ಬೇಸರವಾಗಲಿಲ್ಲ. ನಾನೂ ತಾಲ್ಲೂಕು ಕಚೇರಿ ನೋಡಿದವಳೇ.)

ನಾನು: ಸರಿ. ಅಂಟು ಇಲ್ಲದ ಕೃತಿಯ ಸುತ್ತಲೂ ಹಗ್ಗ ಕಟ್ಟುತ್ತಾರಲ್ಲ, ‘ಮುಟ್ಟಬೇಡಿ’ ಅಂತ ಬೋರ್ಡು?

ಇಟ್ಟಿಗೆ: ...

ನಾನು: ಯಾಕೆ ಸುಮ್ಮನಾದಿರಿ?

ಇಟ್ಟಿಗೆ: 2016, ಚೀನಾದ ನಿಂಗ್ಬೊ. ‘ಝುಟೋಪಿಯಾ’ ಸಿನಿಮಾದ ನರಿ, ಆಳೆತ್ತರದ್ದು. ಕಟ್ಟಿದವನು ಮೂರು ದಿನ ನಿದ್ದೆಗೆಟ್ಟಿದ್ದ. ಪ್ರದರ್ಶನ ತೆರೆದು ಒಂದು ಗಂಟೆಯಾಗಿರಲಿಲ್ಲ, ಒಬ್ಬ ಪುಟ್ಟ ಹುಡುಗ ತಳ್ಳಿಬಿಟ್ಟ. ನರಿ ನೆಲದ ಮೇಲೆ ಚೂರು ಚೂರು. ಬೆಲೆ ಒಂದು ಲಕ್ಷ ಯುವಾನ್ ಅಂತ ಸುದ್ದಿಯಾಯಿತು. ನಾನಾ ದೇಶದ ದೊಡ್ಡವರು ಆ ಚೂರುಗಳ ಫೋಟೊ ನೋಡಿ ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಬೈದರು. ಕಟ್ಟಿದವನು ಮಾತ್ರ ಬೈಯಲಿಲ್ಲ. ಬೇಕೆಂದು ಮಾಡಿದ್ದಲ್ಲ ಅಂದ, ಪರಿಹಾರದ ದುಡ್ಡು ಬೇಡ ಅಂದ. ತಾಯಿ, ನನ್ನನ್ನು ಮಾಡಿದ್ದು ಯಾರಿಗೆ? 1932ರಲ್ಲಿ ಈ ಊರಿನ ಬಡಗಿ ಓಲೆ ಕಿರ್ಕ್ ಮರದ ಆಟಿಕೆ ಕೆತ್ತಲು ಕೂತದ್ದು ಯಾರಿಗೆ? ನರಿ ಸಿನಿಮಾ ತೆಗೆದಿದ್ದು ಯಾರಿಗೆ? ಆಟದ ಸಾಮಾನು, ಕಾರ್ಟೂನಿನ ನರಿ, ಎದುರಿಗೆ ಮಗು. ಕೈ ಚಾಚದೆ ಇನ್ನೇನು ಮಾಡಬೇಕಿತ್ತು ಅದು?

ಇದಕ್ಕೆ ತಮಾಷೆಯ ಪ್ರಶ್ನೆ ನನ್ನಲ್ಲಿರಲಿಲ್ಲ. ಮಗುವಿನ ಕೈಗೆ ಸಿಗದ ಆಟಿಕೆ ನೋಡಲು ನಿಂಗ್ಬೊವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಅಂಗನವಾಡಿಗಳಿಗೆ ಹೋಗಿ ನೋಡಿ. ಒಂದು ಕೇಂದ್ರದ ಮಕ್ಕಳೆಲ್ಲರ ಆಟ-ಪಾಠದ ಕಿಟ್ಟಿಗೆ ಸರ್ಕಾರದ ಲೆಕ್ಕದಲ್ಲಿರುವುದು ವರ್ಷಕ್ಕೆ 5,000 ರೂಪಾಯಿ. ಅದರಲ್ಲಿ ಬಂದ ಬಣ್ಣದ ಬ್ಲಾಕುಗಳು ಎಷ್ಟೋ ಕಡೆ ಬೀರುವಿನಲ್ಲಿ, ಬೀಗದ ಹಿಂದೆ. ಒಂದು ಚೂರು ಕಳೆದರೂ ತಪಾಸಣೆಗೆ ಬಂದವರಿಗೆ ಟೀಚರಮ್ಮ ಉತ್ತರ ಕೊಡಬೇಕು. ಅವರದೂ ತಪ್ಪಲ್ಲ, ಗೌರವಧನದ ಮೇಲೆ ಬದುಕುವವರು ಎಲ್ಲಿಂದ ಕಟ್ಟಿಕೊಟ್ಟಾರು? ಆಟಿಕೆ ಇದೆ ಎಂಬುದಕ್ಕೆ ರಿಜಿಸ್ಟರಿನಲ್ಲಿ ಸಹಿ ಇದೆ. ಆಡಿದ ಗುರುತು ಇಲ್ಲ. ಭಾವನ ಐಫೆಲ್ ಗೋಪುರ 2022ರಲ್ಲಿ ಬಂದಾಗ ಅಮೆರಿಕದಲ್ಲೇ ಅದಕ್ಕೆ ಸುಮಾರು 630 ಡಾಲರ್, ಅಂದರೆ ಅರ್ಧ ಲಕ್ಷ ರೂಪಾಯಿ. ಹತ್ತು ಅಂಗನವಾಡಿಗಳ ಒಂದು ವರ್ಷದ ಆಟ ಆ ಶೋಕೇಸಿನಲ್ಲಿ ನಿಂತಿದೆ, ಗಾಜಿನ ಹಿಂದೆ, ದೂಳು ಕೂರದ ಹಾಗೆ. ಭಾವ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ನಾನು ಕೇಳುವ ಹಾಗಿಲ್ಲ. ಆದರೆ ಅವರ ಮನೆಗೆ ಬಂದ ಕೆಲಸದವಳ ಮಗಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಾಗ ‘ಏಯ್, ದೂರ’ ಅಂದರಲ್ಲ, ಅದನ್ನು ನಾನು ಕೇಳಿಯೇ ಕೇಳುತ್ತೇನೆ.

ಇಟ್ಟಿಗೆ: ನೀವು ಬೈತಿರೋದು ಯಾರನ್ನ?

ನಾನು: ಗೊತ್ತಿಲ್ಲ. ಮುಂದಿನ ಪ್ರಶ್ನೆ.

ಇಟ್ಟಿಗೆ: ಈ ಸಲ ನಾನು ಕೇಳುತ್ತೇನೆ. ನಿಮ್ಮ ಗೊಂಬೆ ಸಾಲಿಗೂ ಹಗ್ಗ ಕಟ್ಟುತ್ತಾರಾ?

ನಾನು: ಹಗ್ಗವಾ! ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ‘ಗೊಂಬೆ ಕೂರಿಸಿದ್ದೀರಾ’ ಅಂತ ಬಾಗಿಲಿಗೇ ಬರುತ್ತಿದ್ದರು. ಹಾಡು ಹೇಳಿಸುತ್ತಿದ್ದರು, ಆರತಿ ಎತ್ತುತ್ತಿದ್ದರು, ಕೈತುಂಬ ಗೊಂಬೆ ಬಾಗಿನ ಕೊಟ್ಟು ಕಳಿಸುತ್ತಿದ್ದರು. ಒಂದು ದಿನ ಕೊಬ್ಬರಿ ಮಿಠಾಯಿ, ಒಂದು ದಿನ ಉಸಲಿ. ಪಟ್ಟದ ಗೊಂಬೆ ಮುಟ್ಟಿದರೆ ಬೈಗುಳ ಇತ್ತು, ಸುಳ್ಳು ಹೇಳಲಾರೆ. ಶೆಟ್ಟಿ ಅಂಗಡಿಯ ಬೆಲ್ಲ ಮಾತ್ರ ಪ್ರತಿ ದಿನ ಕಡಿಮೆಯಾಗುತ್ತಿತ್ತು, ಯಾರೂ ವಿಚಾರಿಸುತ್ತಿರಲಿಲ್ಲ.

ಇಟ್ಟಿಗೆ: ಹಬ್ಬ ಮುಗಿದ ಮೇಲೆ ಅಷ್ಟೂ ಹಾಗೇ ಇರುತ್ತಾ, ವರ್ಷವಿಡೀ?

ನಾನು: ಎಲ್ಲಿಯ ಮಾತು. ವಿಜಯದಶಮಿ ರಾತ್ರಿ ಒಂದು ಗೊಂಬೆ ಮಲಗಿಸಿದರೆ ಮುಗಿಯಿತು. ಮಾರನೇ ದಿನ ಎಲ್ಲ ಬಿಚ್ಚಿ, ಒಂದೊಂದನ್ನೂ ಹಳೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ. ಮುಂದಿನ ವರ್ಷ ಮತ್ತೆ ಮೊದಲಿಂದ, ಬೇರೆ ಥರ.

ಇಟ್ಟಿಗೆ: ಬಿಚ್ಚುತ್ತೀರಾ? ಪೂರ್ತಿ? ಪ್ರತಿ ವರ್ಷ?

ನಾನು: ಪ್ರತಿ ವರ್ಷ.

ಇಟ್ಟಿಗೆ: ಅಂಟು?

ನಾನು: ಹಾಕಿದರೆ ಅಜ್ಜಿ ಕೈ ಮುರಿಯುತ್ತಿದ್ದರು.

ಇಟ್ಟಿಗೆ: ನಿಮ್ಮ ಪಾರ್ಕಿಗೆ ಕಾಂಪೌಂಡ್ ಗೋಡೆ ಬೇಕಾ? ರಾಗಿ ಪೈರಿಗೆ ನೀರು ಚಿಮುಕಿಸಿದರೆ ನನಗೇನೂ ಆಗಲ್ಲ. 1997ರಲ್ಲಿ ಟೋಕಿಯೊ ಎಕ್ಸ್‌ಪ್ರೆಸ್ ಹಡಗಿನಿಂದ ಕಂಟೇನರ್ ಬಿದ್ದು ಸಮುದ್ರ ಸೇರಿದ ನಮ್ಮ ಕಡೆಯ ಸುಮಾರು 48 ಲಕ್ಷ ತುಂಡುಗಳಲ್ಲಿ ಕೆಲವು ಇವತ್ತಿಗೂ ಕಾರ್ನ್‌ವಾಲ್ ದಡಕ್ಕೆ ಬರ್ತಾ ಇವೆ, ಬಣ್ಣ ಕೂಡ ಹೋಗಿಲ್ಲ.

ನಾನು: ಅದು ಹೆಮ್ಮೆಪಡುವ ವಿಷಯವಲ್ಲ, ಮಾಲಿನ್ಯ.

ಇಟ್ಟಿಗೆ: ಅದು ಆಫೀಸು. ನನಗೆ ಕೆಲಸ ಇದೆಯೋ ಇಲ್ಲವೋ ಹೇಳಿ. ಶೆಟ್ಟಿ ಅಂಗಡಿ ಕಟ್ಟೆಯಾದರೂ ಸರಿ.

ನಾನು: ಬರುವುದೇನೋ ಬರಬಹುದು. ಆದರೆ ಆಮದು ಆಟಿಕೆಗೆ ನಮ್ಮವರು 2020ರಲ್ಲಿ ಸುಂಕವನ್ನು ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು.

ಇಟ್ಟಿಗೆ: ಭಾವನ ಜೇಬಿನಲ್ಲಿ ಬರುತ್ತೇನೆ. ಅವರಿಗೆ ಹೇಳಬೇಡಿ.