ಹರಳೆಣ್ಣೆ ಕುಡಿಯುವ ಕಾರು

ಹರಳೆಣ್ಣೆಯ ಸೀಸೆ ಕಂಡರೆ ನನ್ನ ವಯಸ್ಸಿನವರ ಹೊಟ್ಟೆ ಈಗಲೂ ಒಮ್ಮೆ ತೊಳಸುತ್ತದೆ. ಬೇಸಿಗೆ ರಜೆ ಬಂತೆಂದರೆ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಿಸಿ ಕಾಫಿಯ ಜೊತೆ ಅದನ್ನು ಗಂಟಲಿಗಿಳಿಸುವ ಪದ್ಧತಿ ನಮ್ಮಲ್ಲಿತ್ತು. ಕುಡಿದವರಿಗೆ ಆ ದಿನವೆಲ್ಲ ಹಿತ್ತಲ ಕಡೆಗೇ ಓಡಾಟ. ಅಂಥ ಎಣ್ಣೆಯನ್ನು ದುಬಾರಿ ದುಡ್ಡು ಕೊಟ್ಟು ಡಬ್ಬದಲ್ಲಿ ತರಿಸಿ, ಮೊಣಕೈಯುದ್ದದ ಕಾರಿಗೆ ಕುಡಿಸುವವರೂ ಇದ್ದಾರೆಂದು ನನಗೆ ತಿಳಿದದ್ದು ನನ್ನ ಭಾವಮೈದನ ದೆಸೆಯಿಂದ.

ಆಟದ ಕಾರು ಎಂದರೆ ಅವನಿಗೆ ಮುನಿಸು. "ಆಟದ್ದಲ್ಲ ಭಾವ, ನೈಟ್ರೋ ಬಗ್ಗಿ. ಒನ್ ಏಯ್ಟ್ ಸ್ಕೇಲು" ಎಂದು ತಿದ್ದುತ್ತಾನೆ. ರಿಮೋಟಿನಲ್ಲಿ ಓಡುವ ಈ ಬಗ್ಗಿಯ ಎಂಜಿನ್ 3.5 ಸಿಸಿ. ಅಷ್ಟಿದ್ದುಕೊಂಡು ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ನನ್ನ ಹಳೆಯ ಚೇತಕ್ ಸ್ಕೂಟರಿನ 145 ಸಿಸಿ ಎಂಜಿನ್ ಐದಾರು ಸಾವಿರಕ್ಕೇ ಏದುಸಿರು ಬಿಡುತ್ತಿತ್ತು. ನಮ್ಮ ಬಡಾವಣೆಯಲ್ಲಿ ಇನ್ನೂ ಮನೆ ಏಳದ ಸೈಟೊಂದರಲ್ಲಿ ಭಾನುವಾರ ಬೆಳಗ್ಗೆ ಅವನು ಇದನ್ನು ಬಿಟ್ಟನೆಂದರೆ ಎದುರುಮನೆಯವರು ಕಿಟಕಿ ಮುಚ್ಚುವ ಸದ್ದೂ ಕೇಳಿಸುವುದಿಲ್ಲ.

ಸ್ಕೂಟರಿನಂತೆ ಇದರಲ್ಲಿ ಕಿಡಿ ಹಾರುವುದಿಲ್ಲ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ ಇದರ ನೆತ್ತಿಯಲ್ಲಿದೆ: ಪ್ಲಾಟಿನಂ ಬೆರೆತ ಒಂದು ಪುಟ್ಟ ತಂತಿಸುರುಳಿ. ಅದನ್ನು 1.5 ವೋಲ್ಟಿನ ಸೆಲ್ಲಿನಿಂದ ಕೆಂಪಗೆ ಕಾಯಿಸಿ, ಹಗ್ಗ ಎಳೆದು, ಎಂಜಿನ್ ಹತ್ತಿಕೊಂಡಿತೆಂದರೆ ಸೆಲ್ಲನ್ನು ಕಿತ್ತುಬಿಡಬಹುದು. ಮೆಥನಾಲ್ ಆವಿ ಪ್ಲಾಟಿನಂಗೆ ತಾಗಿದಾಗ ಹುಟ್ಟುವ ಶಾಖವೂ ಒಳಗಿನ ಉರಿಯೂ ಸೇರಿ ಸುರುಳಿಯನ್ನು ಕೆಂಪಾಗಿಯೇ ಇಟ್ಟುಕೊಳ್ಳುತ್ತವೆ. "ಅಷ್ಟೆಲ್ಲ ಯಾಕಯ್ಯಾ, ಪೆಟ್ರೋಲ್ ಹಾಕಿದರಾಗದೇ?" ಎಂದು ಕೇಳಿ ನೋಡಿದೆ. ಆಗದಂತೆ. ಪೆಟ್ರೋಲಿಗೂ ಪ್ಲಾಟಿನಂಗೂ ಆ ನಂಟಿಲ್ಲ.

ಹಾಗಾಗಿ ಇಂಧನವೇ ಬೇರೆ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ, ಈ ಮೂರರ ಮಿಶ್ರಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನೋ ಚೇತಕ್ಕನ್ನೋ ಓಡಿಸಿದವರಿಗೆ ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಹೊಸದಲ್ಲ. ಆದರೆ ಸ್ಕೂಟರಿಗೆ ಲೀಟರಿಗೆ 20 ಮಿಲಿ ಎಣ್ಣೆ ಸಾಕಾಗುತ್ತಿತ್ತು, ಬಗ್ಗಿಗೆ ನೂರಕ್ಕೆ ಎಂಟರಿಂದ ಇಪ್ಪತ್ತರವರೆಗೆ ಬೇಕು. ಕುಡಿದದ್ದರಲ್ಲಿ ಅರ್ಧಕ್ಕರ್ಧ ಎಣ್ಣೆಯನ್ನು ಸೈಲೆನ್ಸರಿನಿಂದ ಹಾಗೆಯೇ ಉಗುಳುತ್ತದೇನೋ ಎಂಬ ಅನುಮಾನ ನಮ್ಮ ಮನೆಯ ಪೋರ್ಟಿಕೋ ನೆಲ ನೋಡಿದರೆ ಬರುತ್ತದೆ.

ಹುಡುಗರ ಜಂಬವೆಲ್ಲ ನೈಟ್ರೋ ಎಷ್ಟು ಪರ್ಸೆಂಟ್ ಎಂಬುದರ ಮೇಲೆ. ಹತ್ತು ಅಂದವನನ್ನು ಇಪ್ಪತ್ತೈದರವನು ಕನಿಕರದಿಂದ ನೋಡುತ್ತಾನೆ, ಮೂವತ್ತರವನು ಇಬ್ಬರನ್ನೂ ನೋಡುವುದೇ ಇಲ್ಲ. ನೈಟ್ರೋಮೀಥೇನ್ ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ. ಒಂದು ಗ್ರಾಂ ಪೆಟ್ರೋಲ್ ಉರಿಯಲು 14.7 ಗ್ರಾಂ ಗಾಳಿ ಬೇಕು, ಮೆಥನಾಲಿಗೆ ಸುಮಾರು 6.5, ನೈಟ್ರೋಮೀಥೇನಿಗೆ ಬರೀ 1.7. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇದ್ದರೂ ಹೆಚ್ಚು ಇಂಧನ ಉರಿಸಬಹುದು, ಶಕ್ತಿ ಬರುವುದು ಅಲ್ಲಿಂದ. ಖರ್ಚು ಏರುವುದೂ ಅಲ್ಲಿಂದಲೇ. ಐರೋಪ್ಯ ಒಕ್ಕೂಟ ಇದನ್ನು ಸ್ಫೋಟಕಕ್ಕೂ ಬಳಸಬಹುದೆಂದು ಹೆದರಿ, 2021ರಿಂದ ಪರವಾನಗಿಯಿಲ್ಲದ ಜನಸಾಮಾನ್ಯರಿಗೆ ನೂರಕ್ಕೆ 16ರ ಮಿತಿ ಹಾಕಿದೆ. ಅಲ್ಲಿ ರೇಸುಗಳೇನೂ ನಿಂತಿಲ್ಲ. ನಮ್ಮ ಖಾಲಿ ಸೈಟಿನಲ್ಲಿ ಮೂವತ್ತು ಯಾಕೆ ಬೇಕು ಎಂಬುದಕ್ಕೆ ಭಾವಮೈದನಲ್ಲಿ ಉತ್ತರವಿಲ್ಲ.

ನನ್ನ ಕೇಳಿದರೆ ಡಬ್ಬದ ಮೇಲೆ ಮೊದಲು ಓದಬೇಕಾದದ್ದು ಎಣ್ಣೆಯ ಲೆಕ್ಕ. ಹರಳೆಣ್ಣೆ ಮೆಥನಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಎಂಜಿನ್ ಮಿತಿಮೀರಿ ಕಾದಾಗಲೂ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ. ಅದರ ದೋಷವೆಂದರೆ ಒಳಗೆಲ್ಲ ಕಂದು ಅಂಟು ಬಳಿಯುವುದು. ಸಿಂಥೆಟಿಕ್ ಎಣ್ಣೆ ಶುಚಿ, ಆದರೆ ಅತಿ ಶಾಖಕ್ಕೆ ಬೇಗ ಕೈಕೊಡುತ್ತದೆ. ಅದಕ್ಕೇ ಎರಡನ್ನೂ ಬೆರೆಸಿದ ಡಬ್ಬಗಳು ಹೆಚ್ಚು. ಮೊದಲನೇ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗೂ ಇದೇ ಹರಳೆಣ್ಣೆ. ಎಂಜಿನ್ ಉಗುಳಿದ ಎಣ್ಣೆ ಎದುರುಗಾಳಿಗೆ ಮುಖಕ್ಕೆ ರಾಚಿ, ಹೊಟ್ಟೆಗೂ ಹೋಗಿ, ವಿಮಾನ ಚಾಲಕರು ಪಟ್ಟ ಪಾಡು ನಮ್ಮ ಬೇಸಿಗೆ ರಜೆಯದೇ. ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸುತ್ತಿದ್ದಾಗ ನಮ್ಮ ಅತ್ತೆ ಮಗನ ಕಡೆ ತಿರುಗಿ, "ಹರಳೆಣ್ಣೆ ಕುಡಿಸಿದ ಮೇಲೆ ಯಾರಾದ್ರೂ ಓಡಲೇಬೇಕು ಕಣೋ, ಇದರಲ್ಲಿ ನಿನ್ನ ಹೆಚ್ಚುಗಾರಿಕೆ ಏನು ಬಂತು?" ಎಂದರು.

ನಗುವಿನ ನಡುವೆ ಒಂದು ಮಾತು. ಈ ಇಂಧನಕ್ಕೆ ಗುಲಾಬಿಯನ್ನೋ ನೀಲಿಯನ್ನೋ ಹಾಕಿರುತ್ತಾರೆ, ನೋಡಲು ಥೇಟ್ ಶರಬತ್ತು. ಒಳಗಿರುವುದು ಕಳ್ಳಭಟ್ಟಿ ದುರಂತಗಳ ಸುದ್ದಿಯಲ್ಲಿ ಓದುವ ಅದೇ ಮೆಥನಾಲ್, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ. ಹತ್ತಿಕೊಂಡರೆ ಹಗಲಿನಲ್ಲಿ ಅದರ ಉರಿ ಕಾಣಿಸುವುದೂ ಇಲ್ಲ. ನೀರಿನ ಬಾಟಲಿಗೆ ಸುರಿದಿಡುವುದಂತೂ ಕೂಡದೇ ಕೂಡದು.

ಹೊಸ ಎಂಜಿನ್ ಬಂದಾಗ ಬ್ರೇಕ್ ಇನ್ ಎಂಬ ವ್ರತ. ಹಿಂದೆ ಹೊಸ ಅಂಬಾಸಿಡರ್ ಕಾರಿನ ಹಿಂದೆ "ರನ್ನಿಂಗ್ ಇನ್" ಎಂದು ಚೀಟಿ ಅಂಟಿಸಿಕೊಂಡು ನಿಧಾನವಾಗಿ ಹೋಗುತ್ತಿದ್ದುದನ್ನು ನೀವು ಕಂಡಿರಬಹುದು. ನಾನೂ ಇಲ್ಲಿ ಅದೇ ಸಾಕೆಂದುಕೊಂಡಿದ್ದೆ. ಆದರೆ ಈ ಎಂಜಿನ್ನುಗಳಿಗೆ ಪಿಸ್ಟನ್ ರಿಂಗ್ ಇಲ್ಲ. ಅಲ್ಯುಮಿನಿಯಂ ಪಿಸ್ಟನ್, ಅದು ಮೇಲೆ ಕೆಳಗೆ ಆಡಲು ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್. ಸ್ಲೀವಿನ ಬಾಯಿ ಮೇಲೆ ಹೋದಂತೆ ಕೂದಲೆಳೆಯಷ್ಟು ಕಿರಿದು. ತಣ್ಣಗಿರುವಾಗ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿದರೆ ಪಿಸ್ಟನ್ ತುದಿ ಮುಟ್ಟುವಲ್ಲಿ ಕಚ್ಚಿಕೊಳ್ಳುತ್ತದೆ. ಅದೇ ಪಿಂಚ್. ಎಂಜಿನ್ ಕಾದಾಗ ಸ್ಲೀವ್ ಹಿಗ್ಗಿ ಪಿಸ್ಟನ್ನಿಗೆ ಸರಿಯಾಗಿ ಹೊಂದುತ್ತದೆ. ಎಂದ ಮೇಲೆ ತಣ್ಣಗಿರುವಾಗಲೇ ಟ್ಯಾಂಕುಗಟ್ಟಲೆ ಐಡ್ಲಿಂಗಿನಲ್ಲಿ ಗುಟುರು ಹಾಕಿಸುತ್ತ ಕೂತರೆ ಆ ಪಿಂಚೇ ಸವೆದು ಹೋಗುತ್ತದೆ, ಕನೆಕ್ಟಿಂಗ್ ರಾಡಿಗೂ ಪೆಟ್ಟು. ಹಳೆಯ ಪಂಥದವರು ಇದನ್ನು ಒಪ್ಪುವುದಿಲ್ಲ, ಈ ವಾದಕ್ಕೆ ಕೂತರೆ ಕಾಫಿ ಆರಿಹೋಗುತ್ತದೆ. ನಾನು ಬಿಸಿ ಮಾಡಿ ಓಡಿಸುವ ಪಂಥದ ಕಡೆಗಿದ್ದೇನೆ, ಅದರ ತರ್ಕ ಕಣ್ಣಿಗೆ ಕಾಣುತ್ತದೆ.

ಬಿಸಿ ಮಾಡಲು ಹೇರ್ ಡ್ರೈಯರ್. ಮನೆಯಲ್ಲಿ ಅದಿರುವುದು ಒಂದೇ, ಅದು ನನ್ನ ಹೆಂಡತಿಯದು. ಅವಳು ಮದುವೆಮನೆಗೆ ಅಲಂಕಾರ ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಡ್ರೈಯರ್ ಕಾಣೆಯಾಗಿ, ಪೋರ್ಟಿಕೋದಲ್ಲಿ ಎಂಜಿನ್ ಕಡೆ ಮುಖ ಮಾಡಿ ಬೀಸುತ್ತಿದ್ದ ಪ್ರಸಂಗವನ್ನು ವಿಸ್ತರಿಸುವುದಿಲ್ಲ. ಎಂಜಿನ್ ಬೆಚ್ಚಗಾದ ಮೇಲೆ ಕಾರ್ಬುರೇಟರಿನ ನೀಡಲ್ ಸಡಿಲಿಸಿ ಇಂಧನ ತುಸು ಹೆಚ್ಚೇ ಕೊಟ್ಟು, ಹೊಗೆ ಕಾರಿಸುತ್ತ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಪಿಸ್ಟನ್ನನ್ನು ಕೆಳಕ್ಕೆ ತಂದು ಪೂರ್ತಿ ಆರಲು ಬಿಡಬೇಕು. ಮೇಲೇ ಬಿಟ್ಟರೆ ಸ್ಲೀವ್ ಕುಗ್ಗಿ ಅಲ್ಲೇ ಹಿಡಿದುಕೊಳ್ಳುತ್ತದೆ. ಮತ್ತೆ ಬಿಸಿ, ಮತ್ತೆ ಓಟ. ಶಾಖ ಸುಮಾರು 100 ಡಿಗ್ರಿ ಸೆಲ್ಷಿಯಸ್ ಆಸುಪಾಸಿಗೆ ಬರಬೇಕು. ಅಳೆಯಲು ಟೆಂಪ್ ಗನ್ ಸಿಗುತ್ತದೆ. ಇಲ್ಲದವರು ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವ ಹಾಗೆ ಎಂಜಿನ್ನಿನ ತಲೆಗೆ ಒಂದು ಹನಿ ಬಿಟ್ಟು, ಅದು ಎಷ್ಟು ಬೇಗ ಚುಂಯ್ ಎಂದು ಆರುತ್ತದೆಂದು ನೋಡುತ್ತಾರೆ.

ಇಷ್ಟು ಸೈರಣೆಯಿಂದ ಪಳಗಿಸಿದ ಎಂಜಿನ್ ಕೆಡುವುದು ಸಾಮಾನ್ಯವಾಗಿ ಓಟದಲ್ಲಲ್ಲ, ಕಪಾಟಿನಲ್ಲಿ. ಕ್ರ್ಯಾಂಕ್ ಹೊರಲು ಎರಡು ಬೇರಿಂಗ್. ಮುಂದಿನದು ಚಿಕ್ಕದು, ಧೂಳು ನುಗ್ಗದಂತೆ ಸೀಲ್ ಇರುತ್ತದೆ. ಹಿಂದಿನದು ದೊಡ್ಡದು, ಹೊಡೆತವೆಲ್ಲ ಅದರ ಮೇಲೆ, ಮತ್ತು ಅದು ತೆರೆದ ಬೇರಿಂಗ್, ಇಂಧನದ ಎಣ್ಣೆಯೇ ಅದಕ್ಕೆ ಗತಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ನೈಟ್ರೋ ಉರಿದ ಶೇಷದಲ್ಲಿ ಆಮ್ಲದ ಅಂಶ. ಮಳೆಗಾಲದ ಕೆಲವು ವಾರ ಹಾಗೇ ಇಟ್ಟು ನೋಡಿ, ಫ್ಲೈವೀಲ್ ತಿರುಗಿಸಿದಾಗ ಬೆರಳಿಗೆ ಕರಕರ ಸಿಗುತ್ತದೆ. ಆಮೇಲೆ ಕ್ರ್ಯಾಂಕ್ ತೆಗೆದು, ಕೇಸನ್ನು ಓವನ್ನಿನಲ್ಲಿ ಕಾಯಿಸಿ, ಮರದ ಹಲಗೆಗೆ ಕುಟ್ಟಬೇಕು. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಬೇರಿಂಗ್ ಟಕ್ಕೆಂದು ಉದುರುತ್ತದೆ. ಯಾರ ಓವನ್ ಎಂದು ಕೇಳಬೇಡಿ.

ಈಗ ಭಾವಮೈದನ ಕಣ್ಣು ಸೆರಾಮಿಕ್ ಬೇರಿಂಗ್ ಮೇಲಿದೆ. ಅದರ ಗುಂಡುಗಳು ಸಿಲಿಕಾನ್ ನೈಟ್ರೈಡಿನವು, ಉಕ್ಕಿನ ಅರ್ಧಕ್ಕಿಂತ ಕಡಿಮೆ ತೂಕ, ಉಕ್ಕಿಗಿಂತ ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಎಲ್ಲ ನಿಜ. ಆದರೆ ಸಾಮಾನ್ಯವಾಗಿ ಸಿಗುವವುಗಳಲ್ಲಿ ಆ ಗುಂಡುಗಳು ಉರುಳುವ ಬಳೆಗಳು ಉಕ್ಕಿನವೇ, ತುಕ್ಕು ಅವಕ್ಕೆ ಹಿಡಿಯುತ್ತದೆ. ಗೆಲುವು ಸೋಲು ಸೆಕೆಂಡಿನ ಚೂರಿನಲ್ಲಿ ತೀರ್ಮಾನವಾಗುವ ರೇಸಿನವರು ಕೊಳ್ಳಲಿ. ಉಳಿದವರು ಒಳ್ಳೆಯ ಉಕ್ಕಿನ ಬೇರಿಂಗ್ ಹಾಕಿ, ಓಡಿಸಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದನ್ನು ಉರಿಸಿ, ಪ್ಲಗ್ಗಿನ ತೂತಿಗೂ ಕಾರ್ಬುರೇಟರಿಗೂ ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ ಬಿಟ್ಟು ತಿರುಗಿಸಿಡಿ. ಮಿಕ್ಕ ದುಡ್ಡಿಗೆ ಗ್ಲೋ ಪ್ಲಗ್ ಕೊಳ್ಳಿ, ಅದು ಎಷ್ಟಿದ್ದರೂ ಸಾಲದು.